ಹೆಲ್ಗೆಲಾಂಡ್ ಕರಾವಳಿಯಿಂದ ಲೊಫೋಟೆನ್‌ಗೆ: ಕ್ಯಾಂಪರ್‌ವ್ಯಾನ್ ಯೋಜನೆ ಎಲ್ಲಿಗೆ ಬಂತು

ಜನವರಿ: ದಾರಿಯ ಆಯ್ಕೆ

ನಾರ್ವೆ ಸರ್ಕಾರ ಗುರುತಿಸಿರುವ ರಾಷ್ಟ್ರೀಯ ಪ್ರವಾಸಿ ರಸ್ತೆಗಳು ಒಟ್ಟು 18. ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಬಾಡಿಗೆ ಕ್ಯಾಂಪರ್‌ವ್ಯಾನ್‌ನಲ್ಲಿ ಅಲ್ಲಿ ಸುತ್ತಲು ನಮಗಿರುವುದು ಜೂನ್ ತಿಂಗಳ ಮೊದಲ ಹದಿನೈದು ದಿನ, ಹಾಗಾಗಿ ಎತ್ತರದ ಬೆಟ್ಟದ ರಸ್ತೆಗಳನ್ನು ಮೊದಲೇ ಬದಿಗಿಟ್ಟೆವು. ಸೊಗ್ನೆಫ್ಯೆಲ್ಲೆಟ್ ರಸ್ತೆ 1,434 ಮೀಟರ್‌ವರೆಗೆ ಏರುತ್ತದೆ. ಅಂಥ ಕಡೆ ಚಳಿಗಾಲದ ಗೇಟು ಯಾವಾಗ ತೆಗೆಯುತ್ತದೆ ಎನ್ನುವುದು ಆ ವರ್ಷದ ಹಿಮದ ಮೇಲೆ ನಿಂತಿದೆ, ತೆಗೆದ ಮೇಲೂ ಒಂದು ರಾತ್ರಿಯ ಹಿಮಪಾತಕ್ಕೆ ಮತ್ತೆ ಮುಚ್ಚಬಹುದು. ಕರಾವಳಿ ರಸ್ತೆಗೆ ಆ ಕಾಟವಿಲ್ಲ.

ಆರಿಸಿದ್ದು 17ನೇ ಕೌಂಟಿ ರಸ್ತೆ, ಅಲ್ಲಿನವರು ಕರೆಯುವಂತೆ ಕ್ಯುಸ್ಟ್‌ರಿಕ್ಸ್‌ವೇಯೆನ್. ಸ್ಟೈನ್‌ಶೇರ್‌ನಿಂದ ಬೋಡೊವರೆಗೆ ಸುಮಾರು 650 ಕಿ.ಮೀ. ಅದರಲ್ಲಿ ಹೊಲ್ಮ್‌ನಿಂದ ಗೊಡೋಯ್‌ಸ್ಟ್ರೌಮೆನ್‌ವರೆಗಿನ 433 ಕಿ.ಮೀ. ‘ಹೆಲ್ಗೆಲಾಂಡ್ ಕರಾವಳಿ’ ಹೆಸರಿನ ಪ್ರವಾಸಿ ರಸ್ತೆ. ಬೋಡೊದಿಂದ ದೊಡ್ಡ ಫೆರಿ ಹತ್ತಿ ಮೊಸ್ಕೆನೆಸ್, ಅಲ್ಲಿಂದ ಲೊಫೋಟೆನ್ ದ್ವೀಪಗಳ ಉದ್ದಕ್ಕೂ ಇ10 ಹೆದ್ದಾರಿ. ಲೋಡಿಂಗೆನ್–ಬೊಗ್ನೆಸ್ ಫೆರಿಯಲ್ಲಿ ಮುಖ್ಯ ನೆಲಕ್ಕೆ ಮರಳಿ, ಇ6 ಹೆದ್ದಾರಿ ಹಿಡಿದು, ವ್ಯಾನ್ ಪಡೆಯುವ ಊರಾದ ಟ್ರೊಂಡ್‌ಹೈಮ್‌ಗೆ ವಾಪಸು. ಅಡ್ಡದಾರಿಗಳೂ ಸೇರಿ 2,200 ಕಿ.ಮೀ. ಎಂದು ಹಿಡಿದಿದ್ದೇವೆ. ದೊಡ್ಡ ವ್ಯಾನ್ 100 ಕಿ.ಮೀ.ಗೆ ಒಂಬತ್ತೂವರೆ ಲೀಟರ್ ಕುಡಿದರೂ ಡೀಸೆಲ್ ಸುಮಾರು 210 ಲೀಟರ್.

ಜೂನ್ ಮೊದಲರ್ಧವೇ ಏಕೆಂದರೆ ನಾರ್ವೆಯ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಆ ತಿಂಗಳ ಮೂರನೇ ವಾರದ ಹೊತ್ತಿಗೆ. ಜುಲೈ ಅಂತೂ ಇಡೀ ದೇಶವೇ ರಜೆಯ ಮೇಲೆ ಹೊರಡುವ ತಿಂಗಳು. ಬೋಡೊದಲ್ಲಿ ಜೂನ್ ಆರಂಭದಿಂದ ಜುಲೈ ಎರಡನೇ ವಾರದವರೆಗೆ ಸೂರ್ಯ ಮುಳುಗುವುದಿಲ್ಲ, ಲೊಫೋಟೆನ್‌ನಲ್ಲಿ ಮೇ ಕೊನೆಯಿಂದಲೇ ಮುಳುಗುವುದಿಲ್ಲ. ಬೆಳಕೂ ಸಿಗುತ್ತದೆ, ಜನಜಂಗುಳಿಯೂ ಇರುವುದಿಲ್ಲ. ಬೇಸಿಗೆಯ ದಟ್ಟ ಫೆರಿ ವೇಳಾಪಟ್ಟಿ ಆಗಿನ್ನೂ ಪೂರ್ತಿ ಶುರುವಾಗಿರುವುದಿಲ್ಲ ಎನ್ನುವುದೊಂದೇ ಕೊರತೆ. ಆ ಕೊರತೆಯೇ ಮುಂದಿನ ತಿಂಗಳ ಕೆಲಸವಾಯಿತು.

ಫೆಬ್ರವರಿ: ಮೊದಲ ಕರಡು ಬಿದ್ದುಹೋಯಿತು

650 ಕಿ.ಮೀ.ಯನ್ನು ಗಂಟೆಗೆ 60ರಿಂದ ಭಾಗಿಸಿ ‘ಮೂರು ದಿನ ಧಾರಾಳ’ ಎಂದು ಬರೆದ ಮೊದಲ ಕರಡು ವೇಳಾಪಟ್ಟಿ ಮುಂದಿಟ್ಟುಕೊಂಡ ಕೂಡಲೇ ಕುಸಿಯಿತು. ಈ ರಸ್ತೆಯಲ್ಲಿ ದಿನವನ್ನು ಅಳೆಯುವುದು ಕಿಲೋಮೀಟರ್ ಅಲ್ಲ, ಫೆರಿ. ದಕ್ಷಿಣದಿಂದ ಉತ್ತರಕ್ಕೆ ಆರು ದಾಟುಗಳಿವೆ: ಹೊಲ್ಮ್–ವೆನ್ನೆಸುಂಡ್ 20 ನಿಮಿಷ, ಹೋರ್ನ್–ಆಂಡಾಲ್ಸ್‌ವೋಗೆನ್ 20, ಫೋರ್ವಿಕ್–ಟ್ಯೋಟ್ಟಾ ಒಂದು ಗಂಟೆ, ಲೆವಾಂಗ್–ನೆಸ್ನಾ 25 ನಿಮಿಷ, ಕಿಲ್‌ಬೋಗ್‌ಹಾಮ್ನ್–ಯೆಕ್ಟ್‌ವಿಕ್ ಒಂದು ಗಂಟೆ, ಓಗ್‌ಸ್ಕಾರ್ಡೆಟ್–ಫೊರೋಯ್ 10 ನಿಮಿಷ. ನೀರಿನ ಮೇಲೆ ಕಳೆಯುವುದು ಒಟ್ಟು ಮೂರು ಗಂಟೆ ಕಾಲು ಮಾತ್ರ. ಹೊತ್ತು ತಿನ್ನುವುದು ದಡದಲ್ಲಿನ ಕಾಯುವಿಕೆ.

ಆರೂ ಒಂದೇ ತೂಕದವಲ್ಲ. ಲೆವಾಂಗ್–ನೆಸ್ನಾದಂಥ ಚಿಕ್ಕ ದಾಟಿನಲ್ಲಿ ಒಂದು ತಪ್ಪಿದರೆ ಚಹಾ ಕಾಯಿಸಿ ಕುಡಿಯುವಷ್ಟರಲ್ಲಿ ಇನ್ನೊಂದು ಬಂದೀತು. ಒಂದು ಗಂಟೆಯ ಎರಡು ದಾಟುಗಳಲ್ಲಿ ದಿನಕ್ಕೆ ಕೆಲವೇ ಸರತಿ, ತಪ್ಪಿದರೆ ಅರ್ಧ ದಿನ ಹೋಯಿತು. ಆದ್ದರಿಂದ ಎರಡನೇ ಕರಡನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿದೆವು. ಫೋರ್ವಿಕ್ ಮತ್ತು ಕಿಲ್‌ಬೋಗ್‌ಹಾಮ್ನ್‌ನಿಂದ ಹೊರಡುವ ಹೊತ್ತನ್ನು ಮೊದಲು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಬೆಳಿಗ್ಗೆ ಎಷ್ಟಕ್ಕೆ ಏಳಬೇಕು ಎಂದು ಬರೆದದ್ದು. ಎಣಿಸುವಾಗ ಗಂಟೆಗೆ 50 ಕಿ.ಮೀ. ಸರಾಸರಿ ಹಿಡಿಯಬೇಕು. ಫಲಕ 80 ಎಂದರೂ ತಿರುವು, ಕಿರಿದಾದ ಸುರಂಗ, ಕುರಿ, ಚಿತ್ರ ತೆಗೆಯಲು ನಿಲ್ಲುವುದು ಎಲ್ಲ ಸೇರಿದರೆ ಅದಕ್ಕಿಂತ ಹೆಚ್ಚು ಬರುವುದಿಲ್ಲ. ದಡಕ್ಕೆ 30 ನಿಮಿಷ ಮೊದಲೇ ಬರುವ ಲೆಕ್ಕ. ಗುರಿ ಯಾವಾಗಲೂ ಕೊನೆಯ ಫೆರಿಗಿಂತ ಹಿಂದಿನದು, ಕೊನೆಯದು ಆಪತ್ತಿಗೆ ಮಾತ್ರ.

ಹೋರ್ನ್ ದಾಟಿ ಆಂಡಾಲ್ಸ್‌ವೋಗೆನ್‌ನಲ್ಲಿ ಇಳಿದರೆ ಫೋರ್ವಿಕ್‌ಗೆ ಸುಮಾರು 17 ಕಿ.ಮೀ. ಮಾತ್ರ. ಯೆಕ್ಟ್‌ವಿಕ್‌ನಿಂದ ಓಗ್‌ಸ್ಕಾರ್ಡೆಟ್‌ಗೆ 28 ಕಿ.ಮೀ. ಈ ಎರಡು ಜೋಡಿಗಳನ್ನು ಒಂದೇ ಗಂಟು ಎಂದು ನೋಡಬೇಕು. ಮೊದಲನೆಯದರಿಂದ ಇಳಿದ ವಾಹನಗಳೆಲ್ಲ ಗುಂಪಾಗಿ ಎರಡನೆಯದಕ್ಕೇ ಓಡುತ್ತವೆ, ನಡುವೆ ಅಡುಗೆಗೆಂದು ನಿಂತರೆ ಸಾಲಿನ ಬಾಲದಲ್ಲಿ ನಿಲ್ಲಬೇಕು. ಸೇತುವೆ ಆಗುವ ಮುಂಚೆ ಸಿಗಂದೂರಿನ ಲಾಂಚಿಗೆ ಹೊಳೆಬಾಗಿಲಲ್ಲಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವೇಳಾಪಟ್ಟಿ ನೋಡಲು ಎನ್‌ಟೂರ್ ಆ್ಯಪ್ ಸಾಕು, ಬಸ್ಸು–ರೈಲಿನ ಜೊತೆ ಫೆರಿಯೂ ಅದರಲ್ಲಿದೆ. ಪ್ರಯಾಣದ ನಿಜವಾದ ತಾರೀಖನ್ನೇ ಹಾಕಿ ಹುಡುಕಬೇಕು. ಭಾನುವಾರ ಮೊದಲ ಫೆರಿ ತಡ, ಸರತಿಯೂ ಕಡಿಮೆ. ಮೊದಲ ಕರಡು ಮುರಿದದ್ದಕ್ಕೆ ಇದೂ ಒಂದು ಕಾರಣ: ಮಂಗಳವಾರದ ಪಟ್ಟಿ ನೋಡಿ ಭಾನುವಾರಕ್ಕೆ ಬರೆದಿದ್ದೆವು.

ಈಗಿನ ಹಂಚಿಕೆ ಹೀಗಿದೆ. ಟ್ರೊಂಡ್‌ಹೈಮ್‌ನಲ್ಲಿ ವ್ಯಾನ್ ಪಡೆದ ದಿನ ಸ್ಟೈನ್‌ಶೇರ್ ದಾಟಿ ಮಲಗುವುದು. ಎರಡನೇ ದಿನ ಬ್ರೊನ್ನೊಯ್ಸುಂಡ್ ಹಾಗೂ ಟೋರ್ಗ್‌ಹಾಟೆನ್. ಟೋರ್ಗ್‌ಹಾಟೆನ್ ಬೆಟ್ಟದ ನಡುವಿನ ಆರಪಾರ ತೂತು 160 ಮೀಟರ್ ಉದ್ದವಿದೆ, ನಡೆದೇ ದಾಟಬಹುದು. ಮೂರನೇ ದಿನ ಮೊದಲ ಜೋಡಿ ಫೆರಿ, ಏಳು ಸೋದರಿಯರು ಎಂಬ ಶಿಖರಸಾಲಿನ ಬುಡದಲ್ಲಿ ಸಾಂಡ್‌ನೆಶೋಯೆನ್. ನಾಲ್ಕಕ್ಕೆ ಹೆಲ್ಗೆಲಾಂಡ್ ಸೇತುವೆ, ನೆಸ್ನಾ. ಐದಕ್ಕೆ ಕಿಲ್‌ಬೋಗ್‌ಹಾಮ್ನ್, ಆರ್ಕ್‌ಟಿಕ್ ವೃತ್ತವನ್ನು ದಾಟುವುದು ಈ ಫೆರಿಯ ಮೇಲೆಯೇ, ದಡದ ಗೋಳಾಕಾರದ ಗುರುತು ಡೆಕ್ಕಿನಿಂದ ಕಾಣುತ್ತದೆ. ಆರನೇ ದಿನ ಹೊಲಾಂಡ್ಸ್‌ಫ್ಯೋರ್ಡ್ ಆಚೆ ಸ್ವಾರ್ಟಿಸೆನ್‌ನ ಎಂಗಾಬ್ರೇನ್ ಹಿಮನದಿ, ನಂತರ ಏಳೂವರೆ ಕಿ.ಮೀ.ಗೂ ಉದ್ದದ ಸ್ವಾರ್ಟಿಸ್ ಸುರಂಗ.

ಏಳನೇ ದಿನ ಸಾಲ್ಟ್‌ಸ್ಟ್ರೌಮೆನ್. ಇಲ್ಲಿ ಗಡಿಯಾರ ಇನ್ನಷ್ಟು ಮುಖ್ಯ. ಸುಮಾರು 150 ಮೀಟರ್ ಅಗಲದ ಕಿರುದಾರಿಯಲ್ಲಿ ಸಮುದ್ರ ಒಳಗೆ ನುಗ್ಗಿ ಹೊರಗೆ ಹರಿಯುತ್ತದೆ, ಆರು ಗಂಟೆಗೊಮ್ಮೆ ದಿಕ್ಕು ಬದಲು. ಸೆಳವು 20 ನಾಟ್‌ವರೆಗೂ (ಗಂಟೆಗೆ ಸುಮಾರು 37 ಕಿ.ಮೀ.) ಹೋಗುತ್ತದೆ. ಉಬ್ಬರ ಇಳಿತದ ನಡುವೆ ನೀರು ನಿಂತ ಹೊತ್ತಿಗೆ ಬಂದವರಿಗೆ ಕಾಣುವುದು ಸಾದಾ ಹಿನ್ನೀರು, ‘ಇಷ್ಟೇನಾ’ ಎಂದು ಹೊರಟುಬಿಡುತ್ತಾರೆ. ಅಂದಿನ ಗರಿಷ್ಠ ಸೆಳವಿನ ಹೊತ್ತಿಗೆ ಅರ್ಧ ಗಂಟೆ ಮೊದಲು ಸೇತುವೆಯ ಕೆಳಗೆ ಇರಬೇಕು. ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸಿನಲ್ಲಿ ಸುಳಿ ಜೋರು, ಆ ತಾರೀಖನ್ನು ಪಂಚಾಂಗ ನೋಡಿಯೇ ಗುರುತು ಹಾಕಿಕೊಳ್ಳಬಹುದು.

ಮಾರ್ಚ್: ವಾಹನ, ಪರವಾನಗಿ, ವೀಸಾ

ಬಾಡಿಗೆ ವ್ಯಾನ್ ಆರಿಸುವಾಗ ನೋಡಿದ್ದು ಒಂದೇ ಅಂಕಿ: 5.99 ಮೀಟರ್. ಫಿಯೆಟ್ ಡುಕಾಟೊ ಮಾದರಿಯ ವ್ಯಾನ್‌ಗಳು 5.41, 5.99, 6.36 ಮೀಟರ್ ಉದ್ದಗಳಲ್ಲಿ ಬರುತ್ತವೆ. ನಮ್ಮ ಫಾಸ್ಟ್ಯಾಗ್‌ನಂಥ ಆಟೋಪಾಸ್ ಟ್ಯಾಗ್ ಇಲ್ಲದ ವಾಹನಕ್ಕೆ ಫೆರಿಯಲ್ಲಿ ಉದ್ದ ನೋಡಿ ದರ ಹಾಕುತ್ತಾರೆ, ಆರು ಮೀಟರ್ ದಾಟಿದರೆ ಮೇಲಿನ ದರ್ಜೆ. ಕಂಪನಿಗೆ ಕೇಳಬೇಕಾದ ಪ್ರಶ್ನೆ ಎರಡು: ಈ ಟ್ಯಾಗ್ ಇದೆಯೇ, ಅದಕ್ಕೆ ಫೆರಿ ಒಪ್ಪಂದವೂ ಜೋಡಣೆಯಾಗಿದೆಯೇ. ರಸ್ತೆ ಸುಂಕದ ಒಪ್ಪಂದ ಬೇರೆ, ಫೆರಿಯ ರಿಯಾಯಿತಿಯ ಒಪ್ಪಂದ ಬೇರೆ. ಕೆಲವು ಫೆರಿಗಳು ಈಗ ಶುಲ್ಕರಹಿತ, ಉಳಿದವುಗಳಲ್ಲಿ ಕ್ಯಾಮರಾ ನಂಬರ್ ಪ್ಲೇಟ್ ಓದಿ ಬಿಲ್ಲು ಕಳಿಸುತ್ತದೆ. ಬೋಡೊ–ಮೊಸ್ಕೆನೆಸ್‌ಗೆ ಮಾತ್ರ ಜಾಗ ಮುಂಗಡ ಕಾದಿರಿಸಿದೆವು. ತೆರೆದ ಸಮುದ್ರದಲ್ಲಿ ಮೂರು ಗಂಟೆಗೂ ಮೇಲಿನ ಪಯಣ. ವಾಂತಿಯ ಮಾತ್ರೆ ಹತ್ತುವ ಮುಂಚೆ ನುಂಗಬೇಕು, ಅಲೆ ಎದ್ದ ಮೇಲಲ್ಲ.

ಒಟ್ಟು ತೂಕ 3,500 ಕೆ.ಜಿ. ಒಳಗಿರಬೇಕು, ಕಾರಿನ ಪರವಾನಗಿ ನಡೆಯುವುದು ಅಲ್ಲಿವರೆಗೆ ಮಾತ್ರ. ಕರ್ನಾಟಕದಿಂದ ಹೋಗುವವರು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು. ಅದು ಒಂದು ವರ್ಷದ ಮಟ್ಟಿಗೆ ಚಾಲ್ತಿ, ಜೊತೆಗೆ ಮೂಲ ಕಾರ್ಡೂ ಇರಲೇಬೇಕು. ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊ ರಕ್ಷಣೆಯ ವಿಮೆ ಬೇಕು. ವ್ಯಾನಿನಲ್ಲಿ ಮಲಗುವವರಿಗೆ ವಸತಿಯ ಪುರಾವೆ ಎಂಬ ಅಂಕಣವೇ ತೊಡಕು. ವ್ಯಾನ್ ಬಾಡಿಗೆಯ ಪತ್ರ, ದಿನವಾರು ದಾರಿ, ಕೆಲವು ಕ್ಯಾಂಪಿಂಗ್ ತಾಣಗಳ ಬುಕಿಂಗ್ ಒಟ್ಟಿಗೆ ಇಟ್ಟಿದ್ದೇವೆ.

ಏಪ್ರಿಲ್: ನೀರು, ಕರೆಂಟು, ಗ್ಯಾಸು

100 ಲೀಟರ್ ಟ್ಯಾಂಕು ಇಬ್ಬರಿಗೆ ದಿನಕ್ಕೆ 25 ಲೀಟರ್‌ನಂತೆ ನಾಲ್ಕು ದಿನ ಬರುತ್ತದೆ. ಆದರೆ ಶೌಚದ ಕ್ಯಾಸೆಟ್ (ಹೊರತೆಗೆದು ಖಾಲಿ ಮಾಡುವ ಮಲದ ಡಬ್ಬಿ) 18–20 ಲೀಟರ್, ಎರಡು ಮೂರು ದಿನಕ್ಕೆ ತುಂಬುತ್ತದೆ. ಅಂದರೆ ನಿಲುಗಡೆಯನ್ನು ತೀರ್ಮಾನಿಸುವುದು ನೀರಲ್ಲ, ಕ್ಯಾಸೆಟ್. ಎರಡು ರಾತ್ರಿ ಹೊರಗೆ, ಮೂರನೆಯದು ಕ್ಯಾಂಪಿಂಗ್‌ನಲ್ಲಿ ಎಂಬ ಲಯ ಹಾಕಿಕೊಂಡಿದ್ದು ಇದಕ್ಕೇ. ‘ಟೊಮ್ಮೆಸ್ಟಾಷೂನ್’ ಎಂದು ಬರೆದಿರುವ ಕಡೆ ಮಾತ್ರ ಖಾಲಿ ಮಾಡಬೇಕು. ಪಾತ್ರೆ ತೊಳೆದ ನೀರನ್ನೂ ರಸ್ತೆ ಬದಿಗೆ ಬಿಡಬಾರದು.

ವ್ಯಾನಿನೊಳಗಿನ ದೀಪ, ಫ್ರಿಜ್‌ಗೆಂದಿರುವ 12 ವೋಲ್ಟ್, 95 ಆ್ಯಂಪಿಯರ್–ಅವರ್‌ನ ಎಜಿಎಂ (ಸೀಸ–ಆಮ್ಲದ ಒಂದು ಬಗೆ) ಬ್ಯಾಟರಿಯಲ್ಲಿ ನಿಜಕ್ಕೂ ಬಳಸಬಹುದಾದದ್ದು ಅರ್ಧ, ಸುಮಾರು 570 ವ್ಯಾಟ್–ಅವರ್. ಕಂಪ್ರೆಸರ್ ಫ್ರಿಜ್ ಒಂದೇ ದಿನಕ್ಕೆ 400ರಷ್ಟು ತಿನ್ನುತ್ತದೆ. ದಿನಾಲೂ ಎರಡು ಮೂರು ಗಂಟೆ ಎಂಜಿನ್ ಓಡಿದರೆ ತೊಂದರೆಯಿಲ್ಲ, ಒಂದೇ ಕಡೆ ಎರಡು ದಿನ ನಿಂತರೆ ಬೆಳಗಿನ ಜಾವಕ್ಕೆ ಹೀಟರ್ ಹೊತ್ತಿಕೊಳ್ಳುವುದಿಲ್ಲ: ಡೀಸೆಲ್ ಹೀಟರ್ ಹಚ್ಚಿಕೊಳ್ಳುವ ಕ್ಷಣದಲ್ಲಿ ಹೆಚ್ಚು ಕರೆಂಟು ಎಳೆಯುತ್ತದೆ, ವೋಲ್ಟೇಜ್ ಕುಸಿದಿದ್ದರೆ ತಾನೇ ಆರಿಹೋಗುತ್ತದೆ. ಇರುಳಿಡೀ ಸೂರ್ಯನಿದ್ದರೂ ಸೋಲಾರ್ ಹಲಗೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಚಾವಣಿಯ ಮೇಲೆ ಚಪ್ಪಟೆ ಮಲಗಿದ ಹಲಗೆಗೆ ದಿಗಂತದ ಬಿಸಿಲು ಓರೆಯಾಗಿ ತಾಗುತ್ತದೆ.

ಗ್ಯಾಸು ಪ್ರೊಪೇನ್ ಆಗಿರಲಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಎರಡು ಕಿಲೋವ್ಯಾಟ್ ಒಲೆ ಗಂಟೆಗೆ 145 ಗ್ರಾಂ ಸುಡುವುದರಿಂದ ಅಡುಗೆಗೆ ಮಾತ್ರವಾದರೆ ಹದಿನೈದು ದಿನಕ್ಕೆ ಎರಡೂವರೆ ಕೆ.ಜಿ. ಸಾಕು. ಜರ್ಮನಿಯಿಂದ ಬಂದ ವ್ಯಾನಿನ ಬೂದು ಸಿಲಿಂಡರನ್ನು ನಾರ್ವೆಯಲ್ಲಿ ಬದಲಿಸಿ ಕೊಡುವುದಿಲ್ಲ, ಅಲ್ಲಿನ ಸಿಲಿಂಡರಿಗೆ ಅಡಾಪ್ಟರ್ ಇದೆಯೇ ಎಂದು ಕೇಳಿಟ್ಟುಕೊಳ್ಳಬೇಕು. ಫೆರಿ ಹತ್ತುವ ಮುಂಚೆ ಸಿಲಿಂಡರಿನ ವಾಲ್ವ್ ಮುಚ್ಚಬೇಕು.

ಬಂಕಿನಲ್ಲಿ ಒಂದು ಎಚ್ಚರ. ‘ಆನ್ಲೆಗ್ಸ್‌ಡೀಸೆಲ್’ ಎಂಬ ಪಂಪಿನಲ್ಲಿ ಬಣ್ಣ ಬೆರೆಸಿದ, ತೆರಿಗೆ ಕಡಿಮೆಯ ಡೀಸೆಲ್ ಬರುತ್ತದೆ. ಅದು ಯಂತ್ರಗಳಿಗೆ, ರಸ್ತೆ ವಾಹನಕ್ಕೆ ಹಾಕಿದರೆ ದಂಡ. ಸಿಬ್ಬಂದಿಯಿಲ್ಲದ ಬಂಕುಗಳಲ್ಲಿ ಪಿನ್ ಇರುವ ಕಾರ್ಡ್ ಬೇಕು.

ಏಪ್ರಿಲ್ ಕೊನೆ: ಅಡುಗೆ ಸಾಮಾನು

ಯುರೋಪಿನ ಆರ್ಥಿಕ ವಲಯದ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಉಳಿಯಲಿ. ತುಪ್ಪಕ್ಕೆ ಅಲ್ಲಿ ಉಪ್ಪಿಲ್ಲದ ಬೆಣ್ಣೆ ಕೊಂಡು ಕಾಯಿಸಿಕೊಳ್ಳಬಹುದು. ‘ಕುಲ್ತೂರ್‌ಮೆಲ್ಕ್’ ಎಂಬ ಹುಳಿ ಹಾಲು ಮಜ್ಜಿಗೆಹುಳಿಗೆ ಚೆನ್ನಾಗಿಯೇ ಒಗ್ಗುತ್ತದೆ. ಹುರಿದ ರವೆ ಎರಡು ಕೆ.ಜಿ., ಗಟ್ಟಿ ಅವಲಕ್ಕಿ ಒಂದು ಕೆ.ಜಿ., ಸಾರಿನ ಪುಡಿ, ಚಟ್ನಿಪುಡಿ, ಒಣಗಿಸಿದ ಕರಿಬೇವು ಪಟ್ಟಿಯಲ್ಲಿವೆ. ಅಕ್ಕಿ ಅಲ್ಲೇ ಸಿಗುತ್ತದೆ.

ಮೂರು ಲೀಟರ್ ಕುಕ್ಕರ್ ಒಯ್ಯಲೇಬೇಕು, ರುಚಿಗಿಂತ ಹೆಚ್ಚಾಗಿ ಆವಿಯ ಕಾರಣಕ್ಕೆ. ತೆರೆದ ಪಾತ್ರೆಯಲ್ಲಿ ಅನ್ನ ಕುದಿಸಿದರೆ ಆ ತೇವವೆಲ್ಲ ತಣ್ಣನೆಯ ಗಾಜಿಗೆ, ಹಾಸಿಗೆಯಡಿಗೆ ಕೂರುತ್ತದೆ. ಅಡುಗೆಯ ಹೊತ್ತಿಗೆ ಚಾವಣಿಯ ಕಿಂಡಿ ಪೂರ್ತಿ, ರಾತ್ರಿ ಎರಡು ಬೆರಳಷ್ಟು ತೆರೆದಿರಬೇಕು.

ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ತೆರೆಯುವುದು 100 ಚದರ ಮೀಟರ್ ಒಳಗಿನ ಚಿಕ್ಕವು ಮಾತ್ರ. ಸಂತೆ ಶನಿವಾರವೇ ಮುಗಿಯಬೇಕು.

ಮೇ: ರಾತ್ರಿ ತಂಗುವುದು, ಓಡಿಸುವುದು

‘ನಾರ್ವೆಯಲ್ಲಿ ಎಲ್ಲಿ ಬೇಕಾದರೂ ಮಲಗಬಹುದು’ ಎಂಬ ಮಾತು ವ್ಯಾನಿಗೆ ಹೊಂದುವುದಿಲ್ಲ. 1957ರ ಕಾಯ್ದೆ ಕೊಡುವ ತಿರುಗಾಟದ ಹಕ್ಕು ನಡೆಯುವವರಿಗೆ, ಟೆಂಟಿಗೆ: ಮನೆಯಿಂದ 150 ಮೀಟರ್ ದೂರ, ಎರಡು ರಾತ್ರಿ. ಬಯಲಿಗೆ ವಾಹನ ಇಳಿಸುವ ಹಕ್ಕು ಅದರಲ್ಲಿಲ್ಲ. ಲೊಫೋಟೆನ್‌ನ ಅನೇಕ ಪಾರ್ಕಿಂಗ್‌ಗಳಲ್ಲಿ ರಾತ್ರಿ ತಂಗಲು ನಿಷೇಧವಿದೆ. ಎಷ್ಟೋ ವ್ಯಾನ್‌ಗಳು ಹುಲ್ಲು ತುಳಿದು, ಕೊಳಕು ಬಿಟ್ಟು ಹೋದದ್ದರ ಫಲ ಇದು, ಅಲ್ಲಿನವರ ಬೇಸರ ನ್ಯಾಯವಾದದ್ದೇ. ಲೊಫೋಟೆನ್‌ನ ನಾಲ್ಕೂ ರಾತ್ರಿ ದುಡ್ಡು ಕೊಟ್ಟು ನಿಲ್ಲುವ ತಾಣಗಳೇ ಎಂದು ತೀರ್ಮಾನಿಸಿದ್ದೇವೆ.

ನಮ್ಮಲ್ಲಿ ಬಲಗಡೆ ಕೂತು ಓಡಿಸಿದ ಕೈಗೆ ಅಲ್ಲಿ ಎಡಗಡೆಯ ಸೀಟು. ರಸ್ತೆಯ ಬಲಬದಿಯಲ್ಲಿ ಓಡಿಸುವಾಗ ಹಳೆಯ ಅಂದಾಜಿನಲ್ಲೇ ಕೂತರೆ ವ್ಯಾನಿನ ಬಲಭಾಗ ರಸ್ತೆಯಂಚು ದಾಟಿ ಬಂಡೆಗೋ ಚರಂಡಿಗೋ ಹೋಗುತ್ತದೆ. ಬಲಗನ್ನಡಿ ಒಡೆಯುವುದು ಹೀಗೆ. ಮೊದಲ ದಿನ ಪಕ್ಕದವರು ಬಲದ ಅಂಚನ್ನಷ್ಟೇ ನೋಡುತ್ತಿರಬೇಕು. ಮುಖ್ಯರಸ್ತೆಗೆ ಆದ್ಯತೆ ಎಂದು ಸೂಚಿಸುವ ವಜ್ರಾಕಾರದ ಹಳದಿ ಫಲಕವಿಲ್ಲದ, ಬೇರೆ ಸೂಚನೆಯೂ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು, ಅದು ಚಿಕ್ಕ ಓಣಿಯಾದರೂ. ನೀಲಿ ಫಲಕದ ‘ಎಂ’ ಎದುರು ವಾಹನಕ್ಕೆ ಸರಿದು ನಿಲ್ಲುವ ಜಾಗ, ಪಾರ್ಕಿಂಗ್ ಅಲ್ಲ. ಹೆಡ್‌ಲೈಟ್ ಹಗಲೂ ಉರಿಯುತ್ತಿರಬೇಕು. ಫೋನ್ ಸಂಖ್ಯೆ ರಸ್ತೆ ಸ್ಥಿತಿಗೆ 175, ಆಂಬುಲೆನ್ಸ್‌ಗೆ 113.

ಬಾಕಿ ಇರುವುದು: ಹೊರಡುವ ಹಿಂದಿನ ವಾರ ಎಲ್ಲ ದಿನಗಳ ಫೆರಿ ಹೊತ್ತನ್ನು ಮತ್ತೊಮ್ಮೆ ಎನ್‌ಟೂರ್‌ನಲ್ಲಿ ತಾಳೆ ನೋಡಿ ಕಾಗದದ ಮೇಲೆ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸುವುದು, ಸಾಲ್ಟ್‌ಸ್ಟ್ರೌಮೆನ್ ಸೆಳವಿನ ಹೊತ್ತು ಬೆಳಗಿನ ಜಾವಕ್ಕೆ ಬಿದ್ದರೆ ಆರನೇ ರಾತ್ರಿಯ ತಂಗುದಾಣವನ್ನು ಅದರ ಹತ್ತಿರಕ್ಕೆ ಸರಿಸುವುದು, ಕಿಟಕಿಗಳಿಗೆ ಬೆಳಕು ತಡೆಯುವ ಪರದೆ ಸರಿಯಾಗಿ ಕೂರುತ್ತದೆಯೇ ಎಂದು ವ್ಯಾನ್ ಪಡೆಯುವಾಗಲೇ ಪರೀಕ್ಷಿಸುವುದು.