ನೀರಿನಡಿಯ ಕಡುಬು

ಆಶ್ವೀಜದ ಹುಣ್ಣಿಮೆಯ ಹಿಂದಿನ ರಾತ್ರಿ ನಮ್ಮ ಮಲೆನಾಡಿನ ಮನೆಗಳಲ್ಲಿ ಹೆಂಗಸರು ಮಲಗುವುದಿಲ್ಲ. ಹೊಡೆ ತುಂಬಿ ನಿಂತ ಗದ್ದೆಗೆ ಬಯಕೆಯೂಟ ಬಡಿಸುವ ಹಬ್ಬ ಅದು. ಬಸುರಿಯ ಸೀಮಂತಕ್ಕೆ ಏನೇನು ಬೇಕೋ ಅದೆಲ್ಲವೂ ಬೆಳಕು ಹರಿಯುವ ಮುನ್ನ ಒಲೆಯಿಂದ ಇಳಿದಿರಬೇಕು. 2025ರ ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ ನಾನೂ ಮಲಗಲಿಲ್ಲ. ಮದುವೆಯಾಗಿ ಐದು ತಿಂಗಳಾಗಿತ್ತು, ಸಾಗರದ ಸೀಮೆಯನ್ನು ಬಿಟ್ಟು ನೆದರ್‌ಲ್ಯಾಂಡ್ಸಿನ ಆಲ್ಮೇರ್ ಎಂಬ ಊರಿಗೆ ಬಂದು ನಾಲ್ಕು ತಿಂಗಳು. ನನ್ನವರು ಕೆಲಸಕ್ಕೆ ಹೊರಟ ಮೇಲೆ ಫ್ರಿಜ್ಜಿನ ಸದ್ದೊಂದನ್ನು ಬಿಟ್ಟರೆ ಮನೆಯಲ್ಲಿ ಮಾತೇ ಇರುವುದಿಲ್ಲ. ಆ ಮೌನಕ್ಕೆ ನಾನು ಹೊಂದಿಕೊಂಡದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಈ ಹುಣ್ಣಿಮೆಯ ಕತೆಯನ್ನೇ ಹೇಳಬೇಕಾಗುತ್ತದೆ.

ನಮ್ಮಲ್ಲಿ ಹೊಸ ಸೊಸೆ ಮೊದಲ ವರ್ಷ, ಹಬ್ಬದ ಎಡೆಯನ್ನು ಗದ್ದೆಗೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯಬೇಕು. ಮಹಾನವಮಿ ಮುಗಿಯುತ್ತಲೇ ಬಿದಿರಿನ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು, ಪುಂಡಿನಾರಿನ ಕುಂಚದಲ್ಲಿ ಎಳೆಯ ಮೇಲೆ ಎಳೆಯನ್ನು ಎಳೆಯುತ್ತಾ ಕುಳಿತರೆ ಹುಣ್ಣಿಮೆಯವರೆಗಿನ ದಿನಗಳು ಸಾಲುವುದಿಲ್ಲ. ಅತ್ತೆ ಫೋನಿನಲ್ಲಿ, "ಈ ವರ್ಷ ನಾನೇ ಬರೀತೀನಿ ಬಿಡೆ, ನೀನಲ್ಲಿ ಒಂದು ದೀಪ ಹಚ್ಚಿದ್ರೆ ಸಾಕು" ಎಂದರು. ಅವರು ಹೇಳಿದ್ದು ಪ್ರೀತಿಯಿಂದಲೇ; ಆದರೂ 'ಸಾಕು' ಎಂಬ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು. ಗದ್ದೆಯಿಲ್ಲದವಳಿಗೆ ಭೂಮಿ ಹುಣ್ಣಿಮೆ ಎಲ್ಲಿಯದು ಎಂದು ನಾನೇ ಎರಡು ದಿನ ಸುಮ್ಮನಿದ್ದೆ. ಸುಮ್ಮನಿರಲು ಬಿಡದವಳು ತೀರಿಕೊಂಡು ಮೂರು ವರ್ಷವಾದ ನನ್ನ ಅಜ್ಜಿ, ಅಪ್ಪನ ತಾಯಿ.

ಅಜ್ಜಿ ಸೊಸೆಯಾಗಿ ಬಂದದ್ದು ಶರಾವತಿಯ ಕಣಿವೆಯೊಳಗಿನ ಒಂದು ಊರಿಗೆ. ಆ ಊರು ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗುವ ಹೊತ್ತಿಗೆ ಹೊಳೆಯ ಎರಡೂ ಬದಿಯ ಗದ್ದೆ, ತೋಟ, ಗುಡಿ, ಬಾವಿಗಳನ್ನು ಬಿಟ್ಟು ಮನೆಮನೆಗಳೇ ಲಾರಿ ಹತ್ತಿ ಕಾಡಂಚಿನ ಹೊಸ ಜಾಗಗಳಿಗೆ ಹೊರಟಿದ್ದವು. ಅಜ್ಜಿಗೆ ಆ ಗದ್ದೆಯಲ್ಲಿ ಸಿಕ್ಕಿದ್ದು ಎರಡೇ ಭೂಮಿ ಹುಣ್ಣಿಮೆ. ಎರಡನೆಯದರಲ್ಲಿ ಪೂಜೆ ಮುಗಿದ ಮೇಲೆ, ವಾಡಿಕೆಯಂತೆ, ಒಂದು ಕೊಟ್ಟೆ ಕಡುಬನ್ನು ಗದ್ದೆಯ ಮೂಲೆಯಲ್ಲಿ ಹೂತಿಟ್ಟವಳು ಅವಳೇ. ಕೊಯ್ಲಿನ ದಿನ ಅದನ್ನು ಅಗೆದು ತೆಗೆದು ಮನೆಯವರೆಲ್ಲ ಚೂರುಚೂರು ಹಂಚಿಕೊಂಡು ತಿನ್ನಬೇಕು. ಆದರೆ ಆ ವರ್ಷದ ಕೊಯ್ಲು ಎದ್ದೆವೋ ಬಿದ್ದೆವೋ ಎಂಬಂತೆ ಮುಗಿಯಿತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಕಡುಬಿನ ನೆನಪು ಯಾರಿಗೂ ಬರಲಿಲ್ಲ. ಬಂದದ್ದು ಲಾರಿ ಘಟ್ಟ ಹತ್ತುವಾಗ, ಅಜ್ಜಿಗೆ ಮಾತ್ರ. ಹೊಸ ಸೊಸೆ, ಬಾಯಿ ಬಿಟ್ಟು ಹೇಳಲು ಅಂಜಿದಳು. ನಂತರ ಬದುಕಿದ ಅರವತ್ತು ವರ್ಷಗಳಲ್ಲಿ ಅವಳು ಹೇಳದೆ ಬಿಟ್ಟ ಒಂದು ಹುಣ್ಣಿಮೆಯೂ ಇಲ್ಲ: "ನನ್ನದೊಂದು ಕಡುಬು ಭೂಮ್ತಾಯಿ ಹತ್ರನೇ ಐತೆ."

ಬೆಳಗಿನ ಜಾವ ಹಚ್ಚಂಬಲಿ ಬೀರುವುದು ಗಂಡಸರ ಕೆಲಸ. ಅಪ್ಪ ಚಿಕ್ಕ ಬುಟ್ಟಿ ಹೊತ್ತು, ಬೆರಕೆ ಸೊಪ್ಪಿನ ಅನ್ನವನ್ನು ಗದ್ದೆಯ ಉದ್ದಕ್ಕೂ ಬೀರುತ್ತಾ, "ಹಚ್ಚಂಬಲಿ, ಹಾಲಂಬಲಿ, ಗುಡ್ಡದ ಮ್ಯಾಲಿನ ನೂರೊಂದು ಕುಡಿ, ಭೂಮ್ತಾಯಿ ಉಂಡ್ ಹೋಗ್ಲಿ" ಎಂದು ಕೂಗಿ ಕೊನೆಗೆ 'ಹೂ' ಎಂದು ಎಳೆಯುತ್ತಿದ್ದರೆ, ಅಜ್ಜಿ ನನ್ನ ಕೈ ಹಿಡಿದು ಅಂಗಳದ ಅಂಚಿಗೆ ಬಂದು, ಗದ್ದೆಗೆ ಬೆನ್ನು ಹಾಕಿ, ಹಿನ್ನೀರಿನ ದಿಕ್ಕಿಗೆ ಮುಖ ಮಾಡಿ ತಾನೂ ಒಮ್ಮೆ ಕೂಗುತ್ತಿದ್ದಳು. ಅವಳದು ಗಂಟಲಿನ ಕೂಗಲ್ಲ, ಹೊಟ್ಟೆಯಾಳದಿಂದ ಎದ್ದು ಬರುತ್ತಿತ್ತು. ನನ್ನ ಕೈಯನ್ನು ಹಿಡಿದ ಅವಳ ಅಂಗೈ ಸೊಪ್ಪು ಹೆಚ್ಚಿ ಹೆಚ್ಚಿ ಒರಟಾಗಿ, ಕೆಸುವಿನ ತುರಿಕೆ ತಾಗಿ ಬೆಚ್ಚಗಿರುತ್ತಿತ್ತು. ಕೂಗು ಹೊರಡುವಾಗ ಆ ಅಂಗೈ ಸಣ್ಣಗೆ ನಡುಗುವುದು ನನ್ನ ಬೆರಳುಗಳಿಗೆ ತಿಳಿಯುತ್ತಿತ್ತು. ದೇವರು ಎಂಬ ಮಾತು ಕೇಳಿದಾಗ ನನಗೆ ಮೊದಲು ಅನುಭವಕ್ಕೆ ಬರುವುದು ಇಂದಿಗೂ ಆ ನಡುಕವೇ. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಲಾಂಚಿನಲ್ಲಿ ಹೋಗುವಾಗಲೂ ಎಲ್ಲರೂ ಎದುರಿನ ದಡವನ್ನು ನೋಡುತ್ತಿದ್ದರೆ ಅವಳು ಕಂಬಿ ಹಿಡಿದು ನೀರಿನ ಒಳಗೆ ನೋಡುತ್ತಿದ್ದಳು. 2025ರ ಜುಲೈನಲ್ಲಿ ಅಲ್ಲಿ ಸೇತುವೆಯಾಯಿತು, ದ್ವೀಪದಂತಿದ್ದ ಊರುಗಳಿಗೆ ಅದು ದೊಡ್ಡ ಉಪಕಾರ. ಆದರೂ ಅಜ್ಜಿ ಇದ್ದಿದ್ದರೆ, ಇಷ್ಟು ಬೇಗ ದಾಟಿಬಿಟ್ಟರೆ ನೋಡುವುದು ಯಾವಾಗ ಎಂದು ಗೊಣಗುತ್ತಿದ್ದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಾನು ಈಗಿರುವ ನೆಲದ ಕತೆ ಇದರ ತಿರುವುಮುರುವು. ಇಲ್ಲಿ ನೀರಿನಡಿ ಹೋದ ಊರಿಲ್ಲ, ನೀರಿನಡಿಯಿಂದ ಬಂದ ಊರಿದೆ. 1932ರಲ್ಲಿ ಡಚ್ಚರು ಸಮುದ್ರದ ಒಂದು ಕೊಲ್ಲಿಗೆ ಅಡ್ಡಲಾಗಿ ಉದ್ದನೆಯ ಕಟ್ಟೆ ಹಾಕಿ ಅದನ್ನು ಸಿಹಿನೀರಿನ ಸರೋವರವಾಗಿಸಿದರು. ಅದರೊಳಗೆ ಮತ್ತೆ ಏರಿ ಹಾಕಿ, ನೀರನ್ನು ಪಂಪು ಮಾಡಿ ಹೊರಚೆಲ್ಲಿದರು. ನಮ್ಮ ಆಲ್ಮೇರಿನ ನೆಲ ಒಣಗಿ ಮೇಲೆ ಕಂಡದ್ದು 1968ರಲ್ಲಿ, ಮೊದಲ ನಿವಾಸಿಗಳು ಬಂದದ್ದು 1976ರಲ್ಲಿ. ಅಂದರೆ ಅಜ್ಜಿಯ ಗದ್ದೆ ಮುಳುಗಿದ ನಾಲ್ಕು ವರ್ಷಕ್ಕೆ ಈ ನೆಲ ಎದ್ದಿದೆ. ಇದನ್ನು ಮೊದಲು ಓದಿದ ದಿನ ನಾನು ಕೈಯಲ್ಲಿದ್ದ ಕಾಫಿ ಆರುವವರೆಗೆ ಕುಳಿತೇ ಇದ್ದೆ. ಕೆಸರಾಗಿದ್ದ ಆ ಹೊಸ ನೆಲಕ್ಕೆ ಅವರು ಮೊದಲು ಬಿತ್ತಿದ್ದು ಜೊಂಡು ಹುಲ್ಲಿನ ಬೀಜವನ್ನಂತೆ, ಅದೂ ವಿಮಾನದಿಂದ. ಜೊಂಡು ನೀರು ಹೀರಿ, ಬೇರು ಬಿಟ್ಟು, ಕಾಲಿಟ್ಟರೆ ಹೂತುಹೋಗುವ ಮಣ್ಣನ್ನು ಗಟ್ಟಿ ಮಾಡಿಕೊಟ್ಟಿತು. ನಮ್ಮ ಬಾಡಿಗೆ ಮನೆಯ ಹಿಂದಿನ ಎಂಟು ಹೆಜ್ಜೆಯ ಅಂಗಳ ಮುಗಿಯುವುದೇ ಒಂದು ಸಣ್ಣ ಕಾಲುವೆಯ ದಂಡೆಯಲ್ಲಿ, ಮತ್ತು ಆ ದಂಡೆಯ ತುಂಬ ಜೊಂಡು. ಅಕ್ಟೋಬರಿನಲ್ಲಿ ಅದರ ಕಂದು ತೆನೆ ಗಾಳಿಗೆ ಬಾಗುವುದನ್ನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದವಳಿಗೆ, ಇದೂ ಭತ್ತದ ಸೋದರಸಂಬಂಧಿಯಲ್ಲವೇ, ಈ ನೆಲದ ಮೊದಲ ಬೆಳೆಯಲ್ಲವೇ ಎಂದು ಹೊಳೆದ ಗಳಿಗೆಯಲ್ಲಿ ಗದ್ದೆಯಿಲ್ಲ ಎಂಬ ನನ್ನ ನೆಪ ಬಿದ್ದುಹೋಯಿತು.

ಹಚ್ಚಂಬಲಿಯ ಸೊಪ್ಪಿಗೆ ಪೇಟೆಯ ಸುರಿನಾಮಿ ಅಂಗಡಿಗೆ ಹೋದೆ. ಸುರಿನಾಮ್ ಎಂಬ ಡಚ್ಚರ ಹಳೆಯ ವಸಾಹತಿಗೆ 1873ರಿಂದ ಬಿಹಾರ, ಅವಧದ ಕಡೆಯ ಜನರನ್ನು ಕಬ್ಬಿನ ಗದ್ದೆಗಳ ಕೂಲಿಗೆ ಹಡಗಿನಲ್ಲಿ ಒಯ್ದಿದ್ದರು. ಅವರ ಮರಿಮಕ್ಕಳು ಅನೇಕರು ಈಗ ಈ ದೇಶದಲ್ಲಿದ್ದಾರೆ. ಹರಿವೆಯನ್ನು ಅವರು ಕ್ಲಾರೂನ್ ಎನ್ನುತ್ತಾರೆ, ಹಾಗಲವನ್ನು ಸೊಪ್ರೊಪೋ ಎನ್ನುತ್ತಾರೆ, ಕೆಸುವಿನಂಥ ಒಂದು ಎಲೆಯೂ ಅಲ್ಲಿ ಸಿಗುತ್ತದೆ. ಅಂಗಡಿಯ ಹಿರಿಯಾಕೆ, ಇಷ್ಟು ಬಗೆಯನ್ನು ಒಂದೊಂದೇ ಹಿಡಿ ಏಕೆ ಕೊಳ್ಳುತ್ತೀ ಎಂದು ಕೇಳಿದರು. ನನ್ನ ಹರಕು ಹಿಂದಿಯಲ್ಲಿ ಭೂಮಿತಾಯಿಯ ಸೀಮಂತ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಧರ್ತಿ ಮಾಯಿ" ಎಂದು ತಮಗೆ ತಾವೇ ಹೇಳಿಕೊಂಡು, ಬುಟ್ಟಿಯಿಂದ ಒಂದು ಎಳೆಯ ಕುಂಬಳ ಕುಡಿಯನ್ನು ಮುರಿದು ನನ್ನ ಚೀಲಕ್ಕೆ ಹಾಕಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ನೂರೊಂದು ಕುಡಿ ಎಲ್ಲಿಂದ ತರುವುದು, ಒಂಬತ್ತಾದವು. ಅದರಲ್ಲಿ ಎರಡು ದಾರಿಬದಿಯ ಸೊಪ್ಪುಗಳು. ಅಮಟೆಕಾಯಿಯ ಬದಲಿಗೆ ಇಲ್ಲಿನ ಹುಳಿ ಸೇಬು. ಇದನ್ನು ಬರೆಯುವಾಗ ಒಂದು ಮಾತು ಹೇಳದಿರಲಾರೆ. ಊರಿನಲ್ಲಿ ಈಗ ಎಷ್ಟು ಮನೆಗಳಲ್ಲಿ ಒಂಬತ್ತು ಕುಡಿಯಾದರೂ ಕೂಡುತ್ತವೆ? ಅಜ್ಜಿಯರು ಹಬ್ಬಕ್ಕೆ ಮೊದಲು ಬೇಲಿ, ಹಳ್ಳ, ಗುಡ್ಡ ಸುತ್ತಿ ಒಂದೆಲಗ, ಚಗಟೆ, ಎಲುರಿಗೆ, ಕನ್ನೆಕುಡಿ, ಕುನ್ನೇರಲು ಎಂದು ಹೆಸರು ಹಿಡಿದು ಕರೆದು ತರುತ್ತಿದ್ದರು. ಆ ಹೆಸರುಗಳನ್ನು ಮಕ್ಕಳಿಗೆ ಕಲಿಸುವ ಪಾಠಶಾಲೆ ಇದ್ದದ್ದು ಈ ಹಬ್ಬದಲ್ಲೇ. ಗದ್ದೆಗಳು ಅಡಿಕೆ ತೋಟವಾದದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ, ಹೊಟ್ಟೆಪಾಡಿನ ಲೆಕ್ಕ ಬೇರೆ, ಅಡಿಕೆ ಮರದ ಬುಡದಲ್ಲೂ ಪೂಜೆ ನಡೆಯುತ್ತದೆ. ಆದರೆ ಪೇಟೆಯಿಂದ ಎರಡು ಕಟ್ಟು ಸೊಪ್ಪು ತಂದು ಹಚ್ಚಂಬಲಿ ಎನ್ನುವುದು, ಗೋಡೆಗೆ ಚಿತ್ತಾರದ ಚೌಕಟ್ಟು ತೂಗುಹಾಕಿ ಬುಟ್ಟಿಯನ್ನು ಅಟ್ಟದಲ್ಲೇ ಬಿಡುವುದು, ಕೂಗುವುದಕ್ಕೆ ನಾಚಿ ಮೊಬೈಲಿನಲ್ಲಿ ಕೂಗು ಹಾಕುವುದು, ಇವುಗಳಿಗೆ ಅಡಿಕೆಯ ಬೆಲೆ ಕಾರಣವಲ್ಲ. ಬಯಕೆಯೂಟಕ್ಕೆ ಕರೆಯುವವರು ನಾಚಿದರೆ ಬಸುರಿ ಬಂದು ಉಣ್ಣುವುದು ಹೇಗೆ?

ಬುಟ್ಟಿಯಾಗಿ ಒದಗಿದ್ದು ಬ್ರೆಡ್ ಇಡುವ ಬೆತ್ತದ ಪುಟ್ಟಿ. ಕೆಮ್ಮಣ್ಣಿಗೆ ಏನು ಗತಿ ಎಂದು ಯೋಚಿಸುತ್ತಿದ್ದಾಗ ನನ್ನವರೇ ದಾರಿ ತೋರಿಸಿದರು. ಈ ದೇಶದಲ್ಲಿ ಮನೆಯೂ ಇಟ್ಟಿಗೆಯದೇ, ಬೀದಿಯೂ ಇಟ್ಟಿಗೆಯದೇ. ಅಂಗಳದಲ್ಲಿ ಬಿದ್ದಿದ್ದ ಒಂದು ಕೆಂಪಿಟ್ಟಿಗೆ ಚೂರನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದರೆ ಬಂದ ಕೆಂಪು ನಮ್ಮ ಜಗಲಿಯ ಕೆಂಪೇ ಆಗಿತ್ತು. ಕುಂಚ ಮಾತ್ರ ಅಜ್ಜಿಯದು. ಸಾಸಿವೆ ಡಬ್ಬಿಯೊಳಗೆ ಇಟ್ಟುಕೊಂಡು ತಂದಿದ್ದ ಆ ಪುಂಡಿನಾರಿನ ತುದಿಯನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಮೊದಲ ಎಳೆ ಎಳೆದಾಗ ಅದು ಸೊಟ್ಟಗಾಯಿತು, ಎರಡನೆಯದೂ ಸೊಟ್ಟಗಾಯಿತು. ಭತ್ತದ ತೆನೆ ಬರೆಯಲು ಹೋದದ್ದು ಜೊಂಡಿನ ತೆನೆಯಂತೆ ಕಂಡಿತು, ಅದೇ ಸರಿ ಎನಿಸಿ ಹಾಗೆಯೇ ಬಿಟ್ಟೆ.

ರಾತ್ರಿಯಿಡೀ ಕಡುಬು ಬೇಯಿಸಿದೆ. ಹಲಸಿನ ಎಲೆಯ ಕೊಟ್ಟೆಯಿಲ್ಲದೆ, ಅಂಗಡಿಯಲ್ಲಿ ಹಿಮಗಟ್ಟಿಸಿ ಮಾರುವ ಬಾಳೆಲೆಯನ್ನು ಕರಗಿಸಿ ಮಡಿಸಿದೆ. ಇಲ್ಲಿ ರಾತ್ರಿ ಒಂದೂವರೆಯಾದಾಗ ಊರಿನಲ್ಲಿ ಬೆಳಗಿನ ಐದು. ಅಪ್ಪ ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಗದ್ದೆಗೆ ಇಳಿದರು. ಕತ್ತಲೆಯ ಪರದೆಯಲ್ಲಿ ಏನೂ ಕಾಣಲಿಲ್ಲ, ಕಾಲು ಕೆಸರಿನಲ್ಲಿ ಊರಿ ಎದ್ದ ಸದ್ದು, ದೊಂದಿಯ ಚಟಪಟ, ಆಮೇಲೆ ಕೂಗು. ನಾನು ಸಿಂಕಿನ ಅಂಚು ಹಿಡಿದು ನಿಂತೆ.

ಇಲ್ಲಿಯ ಆರು ಗಂಟೆಗೆ, ಇನ್ನೂ ಕತ್ತಲಿರುವಾಗ, ಇಬ್ಬರೂ ಹಿಂದಿನ ಅಂಗಳಕ್ಕೆ ಇಳಿದೆವು. ಮೋಡದ ಹಿಂದೆ ಚಂದ್ರ ಇದ್ದಾನೆಂದು ತಿಳಿಯುವಷ್ಟು ಮಾತ್ರ ಬೆಳಕಿತ್ತು. ಪೈರಿಗೆ ತಾಳಿಸರ ತೊಡಿಸುವುದು ನಮ್ಮ ಪದ್ಧತಿ. ಕೊಯ್ದು ತಂದ ದಂಟಿಗೆ ತಾಳಿ ಹಾಕಬಾರದೆಂದು, ದಂಡೆಯಲ್ಲಿ ಬೇರೂರಿ ನಿಂತ ಐದು ಜೊಂಡಿನ ದಂಟುಗಳನ್ನು ಕೂಡಿಸಿ, ಕೊರಳಿನಿಂದ ಕರಿಮಣಿ ತೆಗೆದು ಅವುಗಳಿಗೆ ಸುತ್ತಿದೆ. ತೆನೆಯ ಮೇಲಿನ ಇಬ್ಬನಿ ಮಣಿಮಣಿಗೂ ಇಳಿಯಿತು. ಅರಿಶಿನ, ಕುಂಕುಮ, ಒಂದು ರವಿಕೆ ಕಣ, ಎಡೆ. ನನ್ನವರು ಶಿವಮೊಗ್ಗದ ಪೇಟೆಯಲ್ಲಿ ಬೆಳೆದವರು, ಹಬ್ಬಕ್ಕೆ ಊರಿಗೆ ಹೋಗುವುದು ತಪ್ಪಿ ಹಚ್ಚಂಬಲಿಯನ್ನು ಬೀರಿ ಗೊತ್ತಿಲ್ಲದವರು. ಬುಟ್ಟಿ ಹಿಡಿದು ನಾನು ಹೇಳಿಕೊಟ್ಟಂತೆ ಬೀರುತ್ತಾ ಹೋದರು. ನೆರೆಯವರು ಮಲಗಿದ್ದಾರೆಂದು ಪಿಸುದನಿಯಲ್ಲೇ ಹೇಳೋಣ ಎಂದುಕೊಂಡಿದ್ದೆವು. ಆದರೆ "ಭೂಮ್ತಾಯಿ ಉಂಡ್ ಹೋಗ್ಲಿ" ಎಂದ ಮೇಲಿನ ಆ 'ಹೂ' ಪಿಸುದನಿಯಲ್ಲಿ ಬರುವಂಥದ್ದಲ್ಲ. ಅದು ನನ್ನ ಹೊಟ್ಟೆಯಿಂದ ಎದ್ದು, ಕಾಲುವೆಯ ನೀರಿನ ಮೇಲೆ ಉದ್ದಕ್ಕೆ ಹೋಯಿತು. ಮೂರು ಮನೆಯಾಚೆ ನಾಯಿಯೊಂದು ಬೊಗಳಿತು, ಬಾತುಕೋಳಿಗಳು ರೆಕ್ಕೆ ಬಡಿದವು. ನನ್ನ ಕೈಯನ್ನು ಹಿಡಿದುಕೊಂಡಿದ್ದ ನನ್ನವರು, "ನಿನ್ನ ಕೈ ನಡುಗ್ತಿದೆ" ಎಂದರು.

ಕಡೆಗೆ ಕಡುಬು ಹೂಳುವ ಕೆಲಸ. ಗುದ್ದಲಿಯಿಲ್ಲ, ಹಿಟ್ಟಿನ ಸೌಟಿನಿಂದಲೇ ಅಗೆದೆ. ಒಂದು ಗೇಣು ಇಳಿಯುವಷ್ಟರಲ್ಲಿ ಏನೋ ಗಟ್ಟಿಯಾದದ್ದು ತಾಗಿ ಕಿರಿಚಿತು. ಎತ್ತಿ ಒರೆಸಿದರೆ ಬೆರಳಿನ ಉಗುರಿನಷ್ಟು ಅಗಲದ ಒಂದು ಕಪ್ಪೆಚಿಪ್ಪು, ಈ ನೆಲ ಕಡಲಾಗಿದ್ದ ಕಾಲದ್ದು. ಒಳಮೈ ಇನ್ನೂ ನುಣುಪಾಗಿ ಬಿಳಿಯಾಗಿತ್ತು. ಅಜ್ಜಿಯ ಕಡುಬಿನ ಮೇಲೆ ಈಗ ನೀರಿದೆ, ನನ್ನ ಕಡುಬಿನ ಜಾಗದಿಂದ ನೀರು ಹೋಗಿ ಬಹಳ ಕಾಲವಾಗಿಲ್ಲ. ಚಿಪ್ಪನ್ನು ತೊಳೆದು, ಕಡುಬಿನ ಮೇಲೆ ಬೋರಲಾಗಿಟ್ಟು ಮಣ್ಣು ಮುಚ್ಚಿದೆ.

ಊರಿನ ಗದ್ದೆ ಮಾರ್ಗಶಿರದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಕೊಯ್ಲಿನ ದಿನ ಗದ್ದೆಯಿಂದಲೇ ಫೋನ್ ಮಾಡುವುದಾಗಿ ಅಪ್ಪ ಹೇಳಿದ್ದಾರೆ. ಜಾಗ ಮರೆಯಬಾರದೆಂದು ನನ್ನವರು ಅಲ್ಲಿ ಆ ಸೌಟನ್ನೇ ನೆಟ್ಟಗೆ ಊರಿ ಬಂದಿದ್ದಾರೆ. ದೋಸೆ ಹುಯ್ಯಲು ನಾನು ಬೇರೆ ಸೌಟು ಕೊಂಡುಕೊಂಡೆ.