ರಿಪ್ಯಾಕ್ ಇಳಿಜಾರು, ಎಡಗೈ ಬ್ರೇಕು

ಅಮೆರಿಕದಲ್ಲಿ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುವವರಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಿಂದ ಹೊರಡುವ ಮುಂಚೆ ಎಡಗೈ ಬ್ರೇಕ್ ಒತ್ತಿ ಯಾವ ಚಕ್ರ ನಿಲ್ಲುತ್ತದೆ ನೋಡಿ. ನಮ್ಮಲ್ಲಿ ಎಡಗೈದು ಹಿಂದಿನ ಚಕ್ರಕ್ಕೆ. ಸೈಕಲ್ಲಿನಿಂದ ಆಕ್ಟಿವಾ ತನಕ ಹಾಗೇ. ಅಲ್ಲಿನ ಸೈಕಲ್ಲಿನಲ್ಲಿ ಉಲ್ಟಾ, ಎಡಗೈದು ಮುಂದಿನ ಚಕ್ರ. ಬಾಡಿಗೆ ಕೊಟ್ಟವನು ನನ್ನ ಎತ್ತರ ಕೇಳಿದ, ತೂಕ ಕೇಳಿದ, ಕ್ರೆಡಿಟ್ ಕಾರ್ಡ್ ಎರಡು ಸಲ ಕೇಳಿದ. ಇದೊಂದು ಮಾತ್ರ ಹೇಳಲಿಲ್ಲ. ಎಡ ಮೊಣಕೈಯಲ್ಲಿ ಕಲೆ ಇನ್ನೂ ಇದೆ.

ಅಕ್ಕ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮೂರು ವಾರ ಅಲ್ಲಿದ್ದೆ. ಯೊಸೆಮಿಟಿ, ದೇವಸ್ಥಾನ, ನಾಲ್ಕು ಮನೆಯಲ್ಲಿ ಊಟ, ಎಲ್ಲ ಆಯಿತು. ಗೋಲ್ಡನ್ ಗೇಟ್ ಸೇತುವೆ ಚೆನ್ನಾಗಿದೆ. ಫೋಟೋದಲ್ಲಿ ಇದ್ದ ಹಾಗೇ ಇದೆ.

ನಾನು ಹಟ ಹಿಡಿದಿದ್ದು ಒಂದೇ ಜಾಗಕ್ಕೆ. ಸ್ಯಾನ್ ಫ್ರಾನ್ಸಿಸ್ಕೋ ದಾಟಿ ಉತ್ತರಕ್ಕೆ ಹೋದರೆ ಮರೀನ್ ಕೌಂಟಿ. ಅಲ್ಲಿ ಫೇರ್‌ಫ್ಯಾಕ್ಸ್ ಅಂತ ಒಂದು ಪುಟ್ಟ ಊರು. ಅದರ ಹಿಂದಿನ ಬೆಟ್ಟದಿಂದ ಕೆಳಗಿಳಿಯುವ ಒಂದು ಮಣ್ಣು ರಸ್ತೆ. ಕಾಡಿಗೆ ಬೆಂಕಿ ಬಿದ್ದರೆ ಗಾಡಿ ಹೋಗಲಿ ಅಂತ ಮಾಡಿದ್ದು. 1976ರ ಅಕ್ಟೋಬರ್‌ನಲ್ಲಿ ಊರಿನ ಒಂದಷ್ಟು ಹುಡುಗರು ಹಳೇ ಗುಜರಿ ಸೈಕಲ್ ತಂದು ಇಲ್ಲಿ ಇಳಿಯುವ ಪಂದ್ಯ ಕಟ್ಟಿದರು. ಎರಡು ಮೈಲಿಯೊಳಗೆ ಸುಮಾರು 1,300 ಅಡಿ ಇಳಿತ. ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಎಲ್ಲ ಅದೇ ಗುಂಪಿನವರು. ಮುಂದಿನ ವರ್ಷವೇ ಜೋ ಬ್ರೀಜ್ ಈ ಕೆಲಸಕ್ಕೆ ಅಂತಲೇ ಹೊಸ ಸೈಕಲ್ ಕಟ್ಟಿದ. ಈಗ ನಾವು ಮೌಂಟನ್ ಬೈಕ್ ಅನ್ನುತ್ತೇವಲ್ಲ, ಅದರ ತವರುಮನೆ ಇದು. ಹನ್ನೆರಡು ವರ್ಷದಿಂದ ಭಾನುವಾರ ಬಂದರೆ ನಂದಿ ಬೆಟ್ಟ, ಇಲ್ಲವೇ ತುರಹಳ್ಳಿ ಅಂತ ಓಡುವ ನನ್ನಂಥವನಿಗೆ ಅದು ನೋಡದೆ ಬರುವುದು ಹೇಗೆ?

ರಸ್ತೆಯ ಹೆಸರು ರಿಪ್ಯಾಕ್. ಆ ಹಳೇ ಸೈಕಲ್ಲುಗಳಿಗೆ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್. ಅದು ಇರುವುದು ಹಿಂದಿನ ಚಕ್ರದ ಹಬ್‌ನೊಳಗೇ, ಅಂದರೆ ಕಡ್ಡಿಗಳೆಲ್ಲ ಸೇರುವ ನಡುಭಾಗದಲ್ಲಿ. ಕೆಳಗೆ ಬರುವಷ್ಟರಲ್ಲಿ ಹಬ್ ಕಾದು ಕೆಂಡವಾಗಿ ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ, ಮತ್ತೆ ಗ್ರೀಸ್ ತುಂಬಬೇಕು. ಅದಕ್ಕೇ ಆ ಹೆಸರು. ಈ ಗ್ರೀಸಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಶನಿವಾರ ಬೆಳಿಗ್ಗೆ ಅಕ್ಕನ ಮಗ ಕರೆದುಕೊಂಡು ಹೋದ. ಇಪ್ಪತ್ನಾಲ್ಕು ವರ್ಷ, ಸೈಕಲ್ ಅಂದರೆ ಅಷ್ಟಕ್ಕಷ್ಟೆ. ಅಂಗಡಿಯಲ್ಲಿ ಬ್ಯಾಟರಿ ಸೈಕಲ್ ಸಾಲಾಗಿ ನಿಂತಿದ್ದವು.

“ಮಾಮ, ಇದನ್ನೇ ತಗೊಳ್ಳೋಣ್ವಾ? ಹತ್ತೋದು ಸುಲಭ.”

“ಹತ್ತೋದು ಸುಲಭ ಆಗ್ಬೇಕು ಅಂದ್ರೆ ಕಾರಲ್ಲೇ ಹೋಗೋಣ” ಅಂದೆ. ಆವಾಗ ನನಗೆ ಈ ವಿಷಯದಲ್ಲಿ ತುಂಬ ಖಚಿತವಾದ ಅಭಿಪ್ರಾಯಗಳಿದ್ದವು.

ಅಂಗಡಿಯವನೂ ಅದನ್ನೇ ಬೇರೆ ಥರ ಹೇಳಿದ. ಇದೇ ಬೆಟ್ಟಗಳಲ್ಲಿ ಒಂದು ಕಡೆ ನೀರು ಸರಬರಾಜಿನವರ ಜಾಗ, ಒಂದು ಕಡೆ ಕೌಂಟಿಯದು, ಇನ್ನೊಂದು ಕಡೆ ಸ್ಟೇಟ್ ಪಾರ್ಕ್. ಒಬ್ಬೊಬ್ಬರದೂ ಒಂದೊಂದು ನಿಯಮ. ಬ್ಯಾಟರಿ ಗಾಡಿ ತಗೊಂಡರೆ ಮೊದಲು ಮ್ಯಾಪ್ ನೋಡಿಕೊಂಡು ಹೋಗಿ ಅಂದ. ಈ ಸಲಹೆಗೆ ಅವನಿಗೆ ಥ್ಯಾಂಕ್ಸ್. ಬ್ರೇಕಿನ ವಿಷಯಕ್ಕೆ ಅಲ್ಲ.

ಊರಿನಿಂದ ಟಾರು ರಸ್ತೆಯಲ್ಲಿ ಹತ್ತಿ, ಪೈನ್ ಮೌಂಟನ್ ಮಣ್ಣು ರಸ್ತೆ ಹಿಡಿದು ಬೆಟ್ಟದ ನೆತ್ತಿಗೆ ಬರಲು ನಮಗೆ ಎರಡೂವರೆ ಗಂಟೆ ಬೇಕಾಯಿತು. ದಾರಿ ತುಂಬ ಬಿಡಿ ಕಲ್ಲು. ಮೇಲೆ ಮಣ್ಣಿನಲ್ಲಿ ಸತ್ವವಿಲ್ಲದೆ ಆಳೆತ್ತರಕ್ಕೇ ನಿಂತುಬಿಟ್ಟ ಸೈಪ್ರೆಸ್ ಮರಗಳು. ಹುಡುಗ ಮೂರು ಸಲ ಇಳಿದು ತಳ್ಳಿದ. ನಾನು ಎರಡು ಸಲ. ಹಾಗಂತ ಅವನಿಗೆ ಹೇಳಿದ್ದೇನೆ, ನಿಮಗೂ ಅದೇ ಲೆಕ್ಕ.

ರಿಪ್ಯಾಕ್ ಶುರುವಾಗುವ ಕಡೆ ನಿಂತು ನೀರು ಕುಡಿದೆವು. ಕಮಾನಿಲ್ಲ, ವಿಗ್ರಹವಿಲ್ಲ, ಟಿಕೆಟ್ ಕೌಂಟರಿಲ್ಲ. ಕೆಂಪು ಮಣ್ಣಿನ ರಸ್ತೆ ಒಂದು ತಿರುವು ತಗೊಂಡು ಮಾಯ ಅಷ್ಟೆ. ನನಗೆ ಅದೇ ಇಷ್ಟವಾಯಿತು.

ಇಲ್ಲಿ ಮಣ್ಣು ರಸ್ತೆಯಲ್ಲಿ ಸೈಕಲ್ಲಿಗೆ ಗಂಟೆಗೆ 15 ಮೈಲಿ ಮಿತಿ. ಎದುರು ಕಾಣದ ತಿರುವಿನಲ್ಲಿ, ಯಾರನ್ನಾದರೂ ದಾಟುವಾಗ, 5 ಮೈಲಿ. ನಡೆಯುವವರಿಗೂ ಕುದುರೆಗೂ ಸೈಕಲ್ಲಿನವರು ದಾರಿ ಬಿಡಬೇಕು. ಸೈಕಲ್ಲಿನವರೊಳಗೇ ಆದರೆ, ಇಳಿಯುವವನು ಹತ್ತುವವನಿಗೆ ಬಿಡಬೇಕು. ನಂದಿಯಲ್ಲೂ ನಾವು ನಮ್ಮೊಳಗೆ ಹೀಗೇ ನಡೆದುಕೊಳ್ಳುವುದು. ಹತ್ತುವವನು ಪಾಪ ಏದುಸಿರು ಬಿಡುತ್ತಿರುತ್ತಾನೆ, ನಿಂತರೆ ಮತ್ತೆ ಹೊರಡುವುದು ಕಷ್ಟ. ಇಳಿಯುವವನಿಗೇನು?

ಮೊದಲ ತಿರುವುಗಳಲ್ಲಿ ಎರಡೂ ಬ್ರೇಕ್ ಒಟ್ಟಿಗೆ ಹದವಾಗಿ ಹಿಡಿದುಕೊಂಡೇ ಬಂದೆ. ಹಾಗಾಗಿ ಯಾವ ಕೈ ಯಾವುದು ಅಂತ ಗೊತ್ತೇ ಆಗಲಿಲ್ಲ. ಆಮೇಲೆ ಧೈರ್ಯ ಬಂತು. ಹಿಂದೆ ಹುಡುಗ “ಮಾಮ, ನಿಧಾನ” ಅಂತಿದ್ದ. ಬಲಕ್ಕೆ ಒಂದು ತಿರುವು, ಒಳಬದಿಯಲ್ಲಿ ಗುಡ್ಡ, ಎದುರು ಏನೂ ಕಾಣದು. ಆಗ ಒಂದು ಸದ್ದು ಬಂತು. ಪಕ್ಕದ ಮನೆಯಲ್ಲಿ ಗ್ರೈಂಡರ್ ಓಡುವಾಗ ಗೋಡೆಯಾಚೆಯಿಂದ ಕೇಳುತ್ತದಲ್ಲ, ಗುಂಯ್ ಅಂತ, ಹಾಗೆ. ಕಾಡಿನಲ್ಲಿ ಗ್ರೈಂಡರ್ ಯಾಕೆ ಅಂದುಕೊಳ್ಳುವಷ್ಟರಲ್ಲಿ ಎದುರಿಗೆ ಒಬ್ಬ ಮನುಷ್ಯ. ನಿಂತಿದ್ದಾನೆ. ನಿಂತುಕೊಂಡೇ ನನ್ನ ಕಡೆಗೆ ಹತ್ತಿ ಬರುತ್ತಿದ್ದಾನೆ, ನಾನು ಇಳಿಯುವ ವೇಗದಲ್ಲೇ. ಕಾಲಿನ ಮಧ್ಯೆ ಒಂದೇ ಒಂದು ದಪ್ಪ ಚಕ್ರ, ಬ್ಯಾಟರಿ ಮೋಟರಿನಿಂದ ಓಡುವಂಥದ್ದು.

ಗಾಬರಿಯಾದಾಗ ಹಿಂದಿನ ಬ್ರೇಕ್ ಹಿಡಿಯಬೇಕು ಅಂತ ನನ್ನ ಎಡಗೈಗೆ ನಲವತ್ತು ವರ್ಷದಿಂದ ಗೊತ್ತು. ಹಿಡಿಯಿತು. ಮುಂದಿನ ಚಕ್ರ ನಿಂತಿತು. ನಾನು ನಿಲ್ಲಲಿಲ್ಲ.

ಹ್ಯಾಂಡಲ್ ಮೇಲಿಂದ ಹಾರಿ ಎಡ ಮೊಣಕೈ ಊರಿಕೊಂಡು ಬಿದ್ದೆ. ಅವನು ಹಿಂದಕ್ಕೆ ವಾಲಿ, ನನಗಿಂತ ಒಂದು ಮಾರು ದೂರದಲ್ಲಿ ಚಕ್ರ ನಿಲ್ಲಿಸಿ ಇಳಿದ. ಮುಟ್ಟಲೂ ಇಲ್ಲ. ಮೋಟರ್ ಬೈಕಿನವರ ಹಾಗೆ ಗಲ್ಲದ ತನಕ ಹೆಲ್ಮೆಟ್, ಮೊಣಕಾಲಿಗೆ ಪ್ಯಾಡು. ಯಾರೋ ಪೋಲಿ ಹುಡುಗ, ಇವತ್ತು ಇವನಿಗೆ ಇದೆ ಅಂದುಕೊಂಡೆ. ಹೆಲ್ಮೆಟ್ ತೆಗೆದ. ಬಿಳಿ ಗಡ್ಡ. ಅರವತ್ತೈದರ ಮೇಲೆಯೇ ಇರಬೇಕು.

ಬೈಯಲು ರೆಡಿ ಮಾಡಿಕೊಂಡಿದ್ದ ಇಂಗ್ಲಿಷ್ ಎಲ್ಲ ಗಂಟಲಲ್ಲೇ ಉಳಿಯಿತು. ಆತ ಬ್ಯಾಗಿನಿಂದ ಬ್ಯಾಂಡೇಜ್ ತೆಗೆದು ಅದರ ಕಾಗದ ಬಿಡಿಸಲು ನೋಡಿದ. ಬೆರಳ ಗೆಣ್ಣುಗಳು ಊದಿಕೊಂಡು ಶುಂಠಿಯ ಹಾಗಿದ್ದವು. ಕಾಗದದ ಅಂಚು ಒಂದು ಸಲ ಜಾರಿತು, ಎರಡನೇ ಸಲವೂ ಜಾರಿತು. ಆಮೇಲೆ ಏನೂ ಹೇಳದೆ ನಮ್ಮ ಹುಡುಗನ ಕೈಗೆ ಕೊಟ್ಟ.

ಹುಡುಗ ಗಾಯ ತೊಳೆಯುತ್ತಿದ್ದಾಗ ನಾನು ಕೇಳಿಯೇಬಿಟ್ಟೆ, “ಇಂಥ ತಿರುವಿನಲ್ಲಿ ಈ ಸ್ಪೀಡಲ್ಲಿ ಬರ್ತಾರಾ?”

“ಹದಿನೈದರೊಳಗೇ ಇದ್ದೆ” ಅಂದ. ಚಕ್ರದ ಮೇಲಿನ ಪುಟ್ಟ ಸ್ಕ್ರೀನ್ ತೋರಿಸಿದ. “ಅಲ್ಲದೆ ನಾನು ಹತ್ತುತ್ತಿದ್ದೆ. ದಾರಿ ಬಿಡಬೇಕಾದವರು ನೀವು.”

ನಿಯಮದ ಪ್ರಕಾರ ಸರಿ. ಅದಕ್ಕೇ ನನಗೆ ಇನ್ನೂ ಜಾಸ್ತಿ ಉರಿಯಿತು. ಹತ್ತುವವನಿಗೆ ದಾರಿ ಬಿಡಿ ಅಂತ ನಿಯಮ ಮಾಡಿದವರ ಕಣ್ಣ ಮುಂದೆ ಇದ್ದದ್ದು ಬೆವರುವವನು, ನಡೆಯುವುದಕ್ಕಿಂತ ಸ್ವಲ್ಪ ಜೋರಾಗಿ ಬರುವವನು. ಹತ್ತಿ ಬರುವವನು ನಿಧಾನ ಅನ್ನುವ ನಂಬಿಕೆಯ ಮೇಲೆಯೇ ಇಳಿಯುವವನ ಲೆಕ್ಕಾಚಾರ ನಿಂತಿದೆ. ತಿರುವಿನಾಚೆ ಯಾರಾದರೂ ಇದ್ದರೂ ಅವರು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತಾರೆ ಅಂತ. ಬೆವರದೆ ಹದಿನೈದು ಮೈಲಿಯಲ್ಲಿ ಬೆಟ್ಟ ಹತ್ತುವವನಿಗೂ ಅದೇ ಮರ್ಯಾದೆ ಯಾಕೆ?

ಇದನ್ನು ನನಗೆ ಬಂದ ಹಾಗೆ ಹೇಳಿದೆ. ಆತ ತಲೆಯಾಡಿಸಿದ. “ತಿರುವಿನಲ್ಲಿ ಐದು ಅಂತ ಇದೆ. ನಾನು ಐದರಲ್ಲಿ ಇರಲಿಲ್ಲ.” ಸ್ವಲ್ಪ ಬಿಟ್ಟು, “ನೀವು?” ಅಂದ.

ಹುಡುಗ ನನ್ನ ಮುಖ ನೋಡಿದ. ನಾನು ಮೊಣಕೈ ನೋಡಿಕೊಂಡೆ.

ಆತ ನಲವತ್ತು ವರ್ಷ ಮರಗೆಲಸ ಮಾಡಿದವನಂತೆ. ಇದೇ ಬೆಟ್ಟದಲ್ಲಿ ಸೈಕಲ್ ತುಳಿದವನು. ಈಗ ಬೆರಳಿಗೆ ಸಂಧಿವಾತ. “ಬ್ರೇಕ್ ಹಿಡಿದರೆ ಬಿಡುವುದಕ್ಕಾಗಲ್ಲ, ಬಿಟ್ಟರೆ ಹಿಡಿಯುವುದಕ್ಕಾಗಲ್ಲ” ಅಂದ. ಬ್ಯಾಟರಿ ಸೈಕಲ್ ಯಾಕೆ ತಗೊಳ್ಳಲಿಲ್ಲ ಅಂದರೆ, ಅದಕ್ಕೂ ಬ್ರೇಕ್ ಲಿವರ್ ಇದೆಯಲ್ಲ! ಮಂಡಿ ನೋವಿಗೆ ಬ್ಯಾಟರಿ ಅಂತ ಕೇಳಿದ್ದೆ. ಬೆರಳ ನೋವಿಗೆ ಒಂಟಿ ಚಕ್ರ ಅಂತ ಕೇಳಿರಲಿಲ್ಲ. ಅದಕ್ಕೆ ಲಿವರ್ರೇ ಇಲ್ಲ. ಮುಂದಕ್ಕೆ ವಾಲಿದರೆ ಹೋಗುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ.

“ಇಷ್ಟು ಇಳಿಜಾರಿನಲ್ಲೂ?” ಅಂದೆ.

ಅಲ್ಲಿಂದ ಮಾತು ಬೇರೆ ಕಡೆ ತಿರುಗಿತು. ಅರ್ಧ ಗಂಟೆ ಅಲ್ಲೇ ಕೂತೆವು. ಇಳಿಯುವಾಗ ಆ ಮೋಟರ್ರೇ ಡೈನಮೋ ಆಗಿ ಚಕ್ರವನ್ನು ತಡೆಯುತ್ತದೆ. ಹುಟ್ಟಿದ ಕರೆಂಟು ಬ್ಯಾಟರಿಗೆ ವಾಪಸ್ ಹೋಗುತ್ತದೆ. ಬ್ಯಾಟರಿ ಮೊದಲೇ ತುಂಬಿದ್ದರೆ? ಕರೆಂಟಿಗೆ ಹೋಗಲು ಜಾಗವಿಲ್ಲ. ಚಕ್ರ ಕೂಗಿಕೊಳ್ಳುತ್ತದೆ, ಕೇಳದೆ ಇಳಿದರೆ ಬ್ರೇಕೇ ಕೈಕೊಡಬಹುದು. ಅದಕ್ಕೆ ಪೂರ್ತಿ ಚಾರ್ಜ್ ಮಾಡಿಕೊಂಡು ಬೆಟ್ಟದ ತುದಿಯಿಂದ ಹೊರಡಬಾರದು. ಆತನ ಮನೆ ಕೆಳಗಿದೆ. ಹತ್ತುವಾಗ ಖರ್ಚಾಗುತ್ತದೆ, ಇಳಿಯುವಾಗ ಅಷ್ಟಿಷ್ಟು ವಾಪಸ್ ಬರುತ್ತದೆ.

“ಅವತ್ತು ಗ್ರೀಸ್, ಇವತ್ತು ಬ್ಯಾಟರಿ” ಅಂದೆ. ಆತ ಜೋರಾಗಿ ನಕ್ಕ. ಹಬ್‌ನಿಂದ ಹೊಗೆ ಬರುವುದನ್ನು ಕಣ್ಣಾರೆ ನೋಡಿದ್ದನಂತೆ. ಬೆಟ್ಟ ಅದೇ, ಇಳಿಜಾರು ಅದೇ, ಆ ಕಾವನ್ನು ಎಲ್ಲಿ ಹಾಕೋದು ಅನ್ನೋ ಪಾಡೂ ಅದೇ.

ಆತ ಇನ್ನೊಂದು ಹೇಳಿದ. ಎಂಬತ್ತರ ದಶಕದಲ್ಲಿ ಇಲ್ಲಿ ನಡೆಯುವವರೂ ಕುದುರೆಯವರೂ ಸೈಕಲ್ಲಿನವರನ್ನು ಕಂಡರೆ ಸಿಡಿಯುತ್ತಿದ್ದರಂತೆ. ಕಿರಿದಾದ ಕಾಲುದಾರಿಗಳಿಂದ ಸೈಕಲ್ಲನ್ನು ಹೊರಗೆ ಹಾಕಿದರು. ಉಳಿದ ಮಣ್ಣು ರಸ್ತೆಗಳಲ್ಲಿ ರೇಂಜರ್‌ಗಳು ರೇಡಾರ್ ಗನ್ ಹಿಡಿದು ಕೂರುತ್ತಿದ್ದರು. “ಆಗ ನನಗೆ ಬೀಳುತ್ತಿದ್ದ ನೋಟವೇ ನಿಮ್ಮ ಮುಖದಲ್ಲಿತ್ತು” ಅಂದ.

“ಗೇಟಿನಲ್ಲಿ ಮೋಟರ್ ಗಾಡಿ ಬಿಡಲ್ಲ ಅಂತ ಬೋರ್ಡಿತ್ತಲ್ಲ?” ಅಂತ ಹುಡುಗ ಮೆಲ್ಲಗೆ ಕೇಳಿದ.

“ಗೊತ್ತು” ಅಂದ. ಅದಕ್ಕೇ ಬೆಳಕು ಹರಿಯುವಾಗ ಬರುತ್ತಾನಂತೆ. ಇವತ್ತು ತಡವಾಯಿತಂತೆ. ನನಗೆ ಅಯ್ಯೋ ಅನ್ನಿಸಿತು, ನಿಜ. ಆದರೂ ಬೋರ್ಡ್ ಓದುವುದಕ್ಕೆ ಬೆರಳು ಬೇಡವಲ್ಲ ಅಂತಲೂ ಅನ್ನಿಸಿತು. ಹೇಳಲಿಲ್ಲ. ಆತನ ಬ್ಯಾಂಡೇಜ್ ನನ್ನ ಕೈಮೇಲಿತ್ತು.

ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಒಬ್ಬ ಅಜ್ಜಿ ಹತ್ತಿ ಬಂದರು. ನನ್ನ ಸೈಕಲ್ ನೋಡಿದರು, ಆತನ ಚಕ್ರ ನೋಡಿದರು, ರಕ್ತ ನೋಡಿದರು. ಕೇಳಿದ್ದು ಒಂದೇ: “ನಿಮ್ಮಿಬ್ಬರಲ್ಲಿ ಯಾರಿಗೂ ಬೆಲ್ ಇಲ್ಲವಾ?”

ಇರಲಿಲ್ಲ. ಬೆಂಗಳೂರಿನ ನನ್ನ ಸೈಕಲ್ಲಿಗೂ ಇಲ್ಲ. ಭಾರ ಕಡಿಮೆಯಾಗಲಿ ಅಂತ ನಾನೇ ಬಿಚ್ಚಿಟ್ಟಿದ್ದೇನೆ. ಐವತ್ತು ಗ್ರಾಂ ಇರಬಹುದು.

ಆತ ಹೆಲ್ಮೆಟ್ ಹಾಕಿಕೊಂಡು ಚಕ್ರ ಹತ್ತಿದ. ಗುಂಯ್ ಅನ್ನುವ ಸದ್ದು ಒಂದೇ ತಿರುವಿಗೆ ಮುಗಿದುಹೋಯಿತು. ತಿರುವಿನಲ್ಲಿ ಮಾತ್ರ ನಿಧಾನ ಮಾಡಿದ, ಅದನ್ನು ಗಮನಿಸಿದೆ. ನಾವಿಬ್ಬರೂ ಮಿಕ್ಕ ದಾರಿ ಸೈಕಲ್ ತಳ್ಳಿಕೊಂಡೇ ಇಳಿದೆವು. ಜಗತ್ತಿನ ಮೊದಲ ಮೌಂಟನ್ ಬೈಕ್ ಇಳಿಜಾರನ್ನು ನಾನು ಅರ್ಧಕ್ಕಿಂತ ಹೆಚ್ಚು ನಡೆದೇ ಇಳಿದಿದ್ದೇನೆ. ಕೆಳಗೆ ಕ್ಯಾಸ್ಕೇಡ್ ಕಣಿವೆಯಲ್ಲಿ ಬೇ ಲಾರೆಲ್ ಮರಗಳ ನೆರಳು. ಎಲೆ ಉಜ್ಜಿದರೆ ಪಲಾವಿನ ಎಲೆಯದೇ ಘಮ, ಆದರೆ ಮೂಗು ಚುರುಗುಟ್ಟುವಷ್ಟು ಘಾಟು. ನಡೆದದ್ದಕ್ಕೆ ಅದೊಂದು ಲಾಭ. ಊರಿನಲ್ಲಿ ಮೌಂಟನ್ ಬೈಕ್ ಮ್ಯೂಸಿಯಂ ಇದೆ, 2015ರಲ್ಲಿ ಶುರುವಾಗಿದ್ದು. ಸೈಕಲ್ ಪ್ರೀತಿ ಇರುವವರು ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ನಾನು ಹಳೇ ಸೈಕಲ್ಲುಗಳ ಹಿಂದಿನ ಹಬ್ಬನ್ನೇ ನೋಡುತ್ತ ನಿಂತುಬಿಟ್ಟೆ.

ಬಾಡಿಗೆ ಅಂಗಡಿಯಲ್ಲಿ ಬ್ರೇಕಿನ ವಿಷಯ ತೆಗೆದೆ. “ಮೊದಲೇ ಹೇಳಿದ್ದರೆ ಅದಲುಬದಲು ಮಾಡಿ ಕೊಡ್ತಿದ್ವಿ” ಅಂದ. ಹ್ಯಾಂಡಲ್ ಮೇಲೆ ಗೀರು ಬಿದ್ದಿದ್ದಕ್ಕೆ ದುಡ್ಡು ಹಿಡಿದುಕೊಂಡ.

ರಾತ್ರಿ ಅಕ್ಕ ಬ್ಯಾಂಡೇಜ್ ಬಿಚ್ಚಿ ನೋಡಿದಳು. “ಯಾರೋ ಮೋಟರ್ ಚಕ್ರದವನು ಗುದ್ದಿದನಂತೆ?”

“ಯಾರೂ ಗುದ್ದಿಲ್ಲಮ್ಮ” ಅಂದ ಹುಡುಗ, ಫೋನಿನಿಂದ ತಲೆ ಎತ್ತದೆ. “ಮಾಮಂಗೆ ಮಾಮನ ಎಡಗೈನೇ ಗುದ್ದಿದ್ದು.”