ಗೋಕಾಕಕ್ಕೆ ಹೋಗುವುದಾದರೆ ಪೂರ್ತಿ ಒಂದು ದಿನ ಇಟ್ಟುಕೊಳ್ಳಿ

ಗೋಕಾಕ ಎಂದರೆ ಎರಡು ಊರು. ಒಂದು ಪೇಟೆ: ತಾಲ್ಲೂಕು ಕೇಂದ್ರ, ಕರದಂಟಿನ ಅಂಗಡಿಗಳು, ಸುತ್ತಲಿನ ಹಳ್ಳಿಗಳ ವ್ಯಾಪಾರ. ಇನ್ನೊಂದು ಅಲ್ಲಿಂದ 6 ಕಿಲೋಮೀಟರ್ ದೂರದ ಗೋಕಾಕ ಫಾಲ್ಸ್: ಜಲಪಾತದ ನೆತ್ತಿಯ ಮೇಲೆ ಹತ್ತಿ ಗಿರಣಿ, ಅದರ ಸುತ್ತ ಬೆಳೆದ ಕಾಲೊನಿ. ಬಹಳ ಜನ ಬೆಳಗಾವಿಯಿಂದ ಬಂದು, ಒಂದು ತಾಸು ನೀರು ನೋಡಿ, ನಾಲ್ಕು ಫೋಟೊ ಹೊಡೆದುಕೊಂಡು ವಾಪಸ್ ಹೋಗುತ್ತಾರೆ. ಗಿರಣಿ ಇಲ್ಲೇ ಯಾಕೆ ಬಂತು ಎಂಬುದು ತಿಳಿಯಬೇಕಾದರೆ ನೀರು, ಗಿರಣಿ, ಪೇಟೆ ಮೂರನ್ನೂ ಒಂದೇ ದಿನ ನೋಡಬೇಕು.

ಮೊದಲ ಎಡವಟ್ಟು ಟಿಕೆಟ್ ತೆಗೆಯುವಾಗಲೇ ಆಗುತ್ತದೆ. ಗೋಕಾಕ ಪೇಟೆಗೆ ರೈಲಿಲ್ಲ. ಬೆಳಗಾವಿ–ಮೀರಜ ಮಾರ್ಗದಲ್ಲಿ 'ಗೋಕಾಕ ರೋಡ್' ಎಂಬ ನಿಲ್ದಾಣವಿದೆ, ಅದು ಇರುವುದು ಕೊಣ್ಣೂರಿನಲ್ಲಿ. ಫಾಲ್ಸ್‌ಗೆ ಹತ್ತಿರ ನಿಜ, ಆದರೆ ಅಲ್ಲಿ ಎಲ್ಲ ಎಕ್ಸ್‌ಪ್ರೆಸ್ ಗಾಡಿಗಳೂ ನಿಲ್ಲುವುದಿಲ್ಲ. ಬೆಂಗಳೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ಮುಂದಿನ ಘಟಪ್ರಭಾ ನಿಲ್ದಾಣದಲ್ಲಿ ಇಳಿಯುವುದೇ ಲೇಸು. ಅಲ್ಲಿಂದ ಗೋಕಾಕಕ್ಕೆ ಬಸ್ಸು, ಟೆಂಪೊ ಸಿಗುತ್ತವೆ. ಇಲ್ಲೂ ಒಂದು ತೊಡಕಿದೆ. ಅರಭಾವಿ, ಲೋಳಸೂರ ಕಡೆಯಿಂದ ಹೋಗುವ ಬಸ್ಸಿಗೆ ಫಾಲ್ಸ್ ಸಿಗುವುದಿಲ್ಲ. ಹತ್ತುವ ಮೊದಲೇ 'ಕೊಣ್ಣೂರ ಮ್ಯಾಲಿಂದ ಹೋಗತೈತೇನ್ರಿ?' ಎಂದು ಕಂಡಕ್ಟರನ್ನು ಕೇಳಿಬಿಡಿ. ಬೆಳಗಾವಿಯಿಂದ ಸ್ವಂತ ಗಾಡಿಯಲ್ಲಿ ಬಂದರೆ ಸುಮಾರು 60ರಿಂದ 70 ಕಿಲೋಮೀಟರ್. ಎರಡು ತಾಸು ಹಿಡಿಯಿರಿ; ಕಬ್ಬಿನ ಹಂಗಾಮಿನಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಇನ್ನೂ ಹೆಚ್ಚು.

ಎರಡನೆಯ ಎಡವಟ್ಟು ಕಾಲದ್ದು. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಬರೀ ಬಂಡೆ ಕಾಣುತ್ತದೆ. ಇಲ್ಲಿ ಘಟಪ್ರಭಾ ನದಿ ಬೀಳುವುದು 52 ಮೀಟರ್ ಕೆಳಗೆ, ಕುದುರೆ ಲಾಳದ ಆಕಾರದಲ್ಲಿ. ಪ್ರವಾಹದ ಹೊತ್ತಿಗೆ ನೆತ್ತಿಯ ಅಗಲವೇ 177 ಮೀಟರ್. ಇದನ್ನು ಚಿಕ್ಕ ನಯಾಗರ ಎಂದು ಕರೆಯುವವರಿದ್ದಾರೆ. ಎತ್ತರದ ಮಟ್ಟಿಗೆ ಹೆಚ್ಚುಕಡಿಮೆ ಸರಿಸಮವೇ, ಆದರೆ ನಯಾಗರಕ್ಕೆ ವರ್ಷವಿಡೀ ನೀರುಂಟು. ಘಟಪ್ರಭೆಯ ನೀರನ್ನು ಮೇಲೆಯೇ ಎರಡು ಕಡೆ ಕಟ್ಟಿ ಹಿಡಿದಿದ್ದಾರೆ: ಹಿಡಕಲ್‌ನಲ್ಲಿ 51 ಟಿಎಂಸಿಯ ಜಲಾಶಯ, ಅದರ ಕೆಳಗೆ ಧೂಪದಾಳದಲ್ಲಿ 1897ರ ಹಳೆಯ ಒಡ್ಡು. ಇವೆರಡನ್ನೂ ದಾಟಿ ಬಂದದ್ದಷ್ಟೇ ಫಾಲ್ಸ್‌ಗೆ. ಹಾಗಾಗಿ ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ ಎಂದರೆ ಅರ್ಧ ಮಾತಾಯಿತು. ಹೊರಡುವ ಹಿಂದಿನ ದಿನ ಹಿಡಕಲ್ ಹೊರಹರಿವು ಎಷ್ಟೆಂದು ಪತ್ರಿಕೆಯಲ್ಲಿ ನೋಡಿ. ಜಲಾಶಯ ಇನ್ನೂ ತುಂಬುತ್ತಿದ್ದರೆ ಗೇಟು ಮುಚ್ಚಿರುತ್ತದೆ. ಆಗಲೂ ಮಹಾರಾಷ್ಟ್ರದ ಅಂಬೋಲಿ ಘಟ್ಟದ ಕಡೆ ಜೋರು ಮಳೆಯಾಗಿದ್ದರೆ ಚಿಂತೆಯಿಲ್ಲ, ಯಾಕೆಂದರೆ ಅಲ್ಲಿಂದ ಬರುವ ಹಿರಣ್ಯಕೇಶಿ ನದಿ ಹಿಡಕಲ್‌ನ ಕೆಳಗೆ ಘಟಪ್ರಭೆಯನ್ನು ಸೇರುತ್ತದೆ. ಗೇಟು ತೆರೆದ ದಿನ ನೀರು ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ, ಎದ್ದ ತುಂತುರು ಆಚೆ ದಡವನ್ನೇ ಮಸುಕು ಮಾಡುತ್ತದೆ. ಕ್ಯಾಮೆರಾ ಒರೆಸಲು ಒಣ ಬಟ್ಟೆ ಎರಡು ಬೇಕು, ಒಂದು ಸಾಲದು.

ನೀರು ವಿಪರೀತವಾದಾಗ ಹೋಗಲೇಬಾರದು. ಮಾರ್ಕಂಡೇಯ ನದಿ ಗೋಕಾಕದ ಹತ್ತಿರವೇ ಘಟಪ್ರಭೆಗೆ ಕೂಡುವುದರಿಂದ ಎರಡೂ ಒಟ್ಟಿಗೆ ಉಕ್ಕಿದರೆ ನೀರು ಪೇಟೆಯ ಒಳಗೇ ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಹೀಗೇ ಆಯಿತು. ಲೋಳಸೂರ ಸೇತುವೆ ಮುಳುಗಿ ಆ ದಾರಿಯೇ ಬಂದಾಯಿತು. ಮಳೆಗಾಲದಲ್ಲಿ ಹೊರಟರೆ ವಾಪಸಾಗಲು ಕೊಣ್ಣೂರು ಕಡೆಯ ಇನ್ನೊಂದು ದಾರಿಯನ್ನೂ ಗೊತ್ತು ಮಾಡಿಕೊಂಡಿರಿ.

ಫಾಲ್ಸ್‌ಗೆ ಬೆಳಿಗ್ಗೆ ಬೇಗ ಹೋಗಬೇಕು. ಭಾನುವಾರ ಹನ್ನೊಂದರ ಮೇಲೆ ಗಾಡಿ ನಿಲ್ಲಿಸಲು ಜಾಗವೇ ಇರುವುದಿಲ್ಲ. ಜಲಪಾತದ ಮೇಲ್ಗಡೆ ನದಿಗೆ ಅಡ್ಡಲಾಗಿ ಸುಮಾರು 201 ಮೀಟರ್ ಉದ್ದದ ತೂಗುಸೇತುವೆ ಇದೆ, ಬಂಡೆಯ ಹಾಸಿನಿಂದ 14 ಮೀಟರ್ ಎತ್ತರದಲ್ಲಿ. ಅದರ ಮೇಲೆ ಬಿಡುತ್ತಾರೆ ಎಂದು ನಂಬಿಕೊಂಡು ಮಾತ್ರ ಹೋಗಬೇಡಿ. ಬಿಡದಿದ್ದರೆ ಕಾವಲಿನವರ ಜೊತೆ ವಾದಿಸಿ ಪ್ರಯೋಜನವಿಲ್ಲ. ದಡದಲ್ಲಿ ನಿಂತೇ ಲಾಳದ ಪೂರ್ತಿ ಬಳಸು ಕಾಣುವ ಜಾಗಗಳಿವೆ. ಬಿಟ್ಟರೆ ನಡುವೆ ಗುಂಪುಗಟ್ಟಿ ನಿಲ್ಲಬೇಡಿ, ಜಿಗಿದು ಅಲುಗಾಡಿಸುವ ಹುಡುಗರಿದ್ದರೆ ಅವರು ದಾಟುವವರೆಗೆ ಈಚೆಗೇ ಕಾಯಿರಿ.

ನಿಜವಾದ ಅಪಾಯ ಸೇತುವೆಯಲ್ಲಲ್ಲ, ಬಂಡೆಯಲ್ಲಿ. ನದಿಯ ಹಾಸು ಮರಳುಗಲ್ಲು. ಒಣಗಿದ್ದಾಗ ಕಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ, ಅದೇ ಮೋಸ. ತುಂತುರು ಬಿದ್ದ ಕಡೆ ಕಣ್ಣಿಗೆ ಕಾಣದಂಥ ಪಾಚಿ ಕಟ್ಟಿರುತ್ತದೆ. ಎರಡು ಹೆಜ್ಜೆ ಗಟ್ಟಿ ಸಿಕ್ಕಿತೆಂದು ಮೂರನೆಯದನ್ನು ಧೈರ್ಯವಾಗಿ ಇಟ್ಟವರೇ ಜಾರುವುದು. ಬಣ್ಣ ಕಪ್ಪಾದ ಕಲ್ಲಿನ ಮೇಲೆ ಕಾಲಿಡಬೇಡಿ, ಮೇಲೆ ಹೇಳದೆ ಕೇಳದೆ ನೀರು ಬಿಡುವ ಕಾಲದಲ್ಲಂತೂ ನದಿಯ ಹಾಸಿನ ಮೇಲೆ ಇಳಿಯಲೇಬೇಡಿ. ಚಪ್ಪಲಿಗಿಂತ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ವಾಸಿ.

ಈಗ ಗಿರಣಿ. ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಎಂಬ ಹೆಸರಿನಲ್ಲಿ ಇದು ಹುಟ್ಟಿದ್ದು 1885ರಲ್ಲಿ. ಹೆಸರಲ್ಲೇ ಮೊದಲು ನೀರು, ಆಮೇಲೆ ನೂಲು. ಮುಂಬೈ ಗಿರಣಿಗಳು ಕಲ್ಲಿದ್ದಲು ಸುಟ್ಟು ಉಗಿಯಿಂದ ನಡೆಯುತ್ತಿದ್ದ ಕಾಲ ಅದು. ಇಲ್ಲಿ ಎರೆಭೂಮಿಯ ಹತ್ತಿ ಸುತ್ತಲೇ ಇತ್ತು, ಶಕ್ತಿ ಪುಕ್ಕಟೆಯಾಗಿ 52 ಮೀಟರ್ ಕೆಳಗೆ ಬೀಳುತ್ತಿತ್ತು. ಬಂಡೆಯ ಮೇಲಿಂದ ಕೊಳವೆಯಲ್ಲಿ ನೀರನ್ನು ಇಳಿಸಿ, ಬುಡದಲ್ಲಿ ಕೂರಿಸಿದ ಟರ್ಬೈನು ತಿರುಗಿಸಿ, ಆ ಶಕ್ತಿಯಿಂದ ಮೇಲಿನ ಗಿರಣಿ ನಡೆಸುವುದು ಉಪಾಯ. ಆಚೆ ಅಂಚಿಗೆ ಕಣ್ಣು ಹಾಯಿಸಿದರೆ ಬಂಡೆಯ ಬುಡದ ಹಳೆಯ ಕಟ್ಟಡ ಕಾಣುತ್ತದೆ. ಅಲ್ಲಿಗೆ ಇಳಿಯಲು ಹಾಕಿದ ರೋಪ್‌ವೇ ಕೂಡ ಇದೆ, ಆದರೆ ಅದು ಪ್ರವಾಸಿಗರ ಸವಾರಿಗಲ್ಲ.

1887ರಲ್ಲೇ ಇಲ್ಲಿ ವಿದ್ಯುತ್ ತಯಾರಾಯಿತು, ದೇಶದಲ್ಲೇ ಮೊದಲು ಎಂಬ ಮಾತನ್ನು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಶಾಲೆಯ ಪುಸ್ತಕಗಳು ಆ ಪಟ್ಟವನ್ನು ಡಾರ್ಜಿಲಿಂಗ್‌ನ 1897ರ ಕೇಂದ್ರಕ್ಕೆ ಕೊಡುತ್ತವೆ. ನಮ್ಮ ಶಿವನಸಮುದ್ರದ್ದು 1902. ನೀರಿನಿಂದ ಯಂತ್ರ ತಿರುಗಿಸುವುದು ಬೇರೆ, ತಂತಿಯಲ್ಲಿ ವಿದ್ಯುತ್ ಹರಿಸುವುದು ಬೇರೆ. ಈ ವ್ಯತ್ಯಾಸ ತಲೆಯಲ್ಲಿಟ್ಟುಕೊಂಡು ನೋಡಿದರೆ ವಾದದಲ್ಲಿ ಎಷ್ಟು ಹುರುಳಿದೆ ಎಂದು ನೀವೇ ತೂಗಬಹುದು. ಗಿರಣಿಯ ಒಳಗೆ ಹೋಗುವ ಆಸೆ ಇದ್ದರೆ ಮೊದಲೇ ಪತ್ರ ಬರೆದು ಅನುಮತಿ ಕೇಳಿ. ಅದು ಖಾಸಗಿ ಜಾಗ, ವಸ್ತುಸಂಗ್ರಹಾಲಯವಲ್ಲ. ಗೇಟಿನ ಹತ್ತಿರ ನಿಂತು ಕ್ಯಾಮೆರಾ ಎತ್ತಿದರೆ ಬೈಗುಳವೇ ಗ್ಯಾರಂಟಿ. ಹತ್ತಿರದ ಮಹಾಲಿಂಗೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಗಿರಣಿಗಿಂತ ನೂರಾರು ವರ್ಷ ಮೊದಲೇ ಈ ನೀರಿನ ಬಳಿ ಜನ ಸೇರುತ್ತಿದ್ದರು ಎನ್ನುವುದಕ್ಕೆ ಅದೇ ಸಾಕ್ಷಿ. ಅರ್ಧ ತಾಸು ಕೊಡಿ.

ಮಧ್ಯಾಹ್ನ ಪೇಟೆಗೆ ಬನ್ನಿ. ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡು ಕರದಂಟಿಗೆ ಹೊರಡಿ. ಕರಿದ ಅಂಟೇ ಕರದಂಟು. ಮರದ ಅಂಟನ್ನು ತುಪ್ಪದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ ಸೇರಿಸಿ ಬೆಲ್ಲದ ಪಾಕದಲ್ಲಿ ಕೂಡಿಸುತ್ತಾರೆ. ಕೆಡುವುದು ಎರಡೇ ಕಡೆ. ತುಪ್ಪ ಸಾಕಷ್ಟು ಕಾಯದಿದ್ದರೆ ಅಂಟು ಹೊರಗೆ ಅರಳಿ ಒಳಗೆ ಗಟ್ಟಿಯಾಗಿ ಉಳಿದು ಹಲ್ಲಿಗೆ ಅಂಟಿಕೊಳ್ಳುತ್ತದೆ. ಪಾಕ ಹೆಚ್ಚು ಏರಿದರೆ ತುಂಡು ಕಲ್ಲಾಗುತ್ತದೆ. ಕೊಳ್ಳುವ ಮೊದಲು ಒಂದು ಚೂರು ಕೇಳಿ ತಿನ್ನಿ, ಸಂಕೋಚ ಬೇಡ. ಬೆರಳಲ್ಲಿ ಮುರಿದಾಗ ಮೆದುವಾಗಿ ಬಿಡಬೇಕು, ಮುರಿದ ಬದಿಯಲ್ಲಿ ಅರಳಿದ ಅಂಟು ಬಿಳಿ ಹರಳಿನಂತೆ ಕಾಣಬೇಕು, ಹಲ್ಲಿನಡಿ ಗರಿಗರಿ ಎಂದು ಪುಡಿಯಾಗಬೇಕು. ತುಪ್ಪದ ಘಮ ಬಂದರೆ ಸರಿ. ಕೊಬ್ಬರಿಯ ಕಮಟು ವಾಸನೆ ಬಂದರೆ ಮುಂದಿನ ಅಂಗಡಿ. ದರ ಬೇರೆ ಬೇರೆ ಇರುವುದು ಒಣಹಣ್ಣಿನ ಪ್ರಮಾಣದಿಂದ. ದುಬಾರಿಯದರಲ್ಲಿ ಗೋಡಂಬಿ ಹೆಚ್ಚಾಗಿ ಅಂಟು ಕಡಿಮೆಯಾಗಿರುತ್ತದೆ, ಹಾಗಾಗಿ ಗೋಕಾಕದ ರುಚಿ ಬೇಕಾದವರಿಗೆ ನಡುವಿನ ದರ್ಜೆಯೇ ಸರಿ. ಬಿಸಿಲಿಗೆ ಕಾದ ಕಾರಿನಲ್ಲಿಟ್ಟರೆ ಬೆಲ್ಲ ಕರಗಿ ಎಲ್ಲ ಒಂದೇ ಮುದ್ದೆ.

ಪೇಟೆಯ ಇನ್ನೊಂದು ಹಳೆಯ ಕಸುಬು ಜೀನಗಾರರೆಂಬ ಕುಶಲಕರ್ಮಿಗಳ ಗೊಂಬೆ. ಚನ್ನಪಟ್ಟಣದ ಮೆರುಗೆಣ್ಣೆಯ ಆಟಿಕೆಗಳಂತಲ್ಲ. ಇಲ್ಲಿಯವರ ಕೈಚಳಕ ಕಾಣುವುದು ಬಣ್ಣ ಹಚ್ಚಿದ ಹಣ್ಣು-ತರಕಾರಿಗಳಲ್ಲಿ. ಬಾಳೆಹಣ್ಣಿನ ತೊಟ್ಟಿನ ಕಪ್ಪು, ಮಾವಿನ ಕೆನ್ನೆಯ ಕೆಂಪು ನೋಡಿ, ಕೈಗೆತ್ತಿಕೊಂಡಾಗಲಷ್ಟೇ ಹಣ್ಣಲ್ಲವೆಂದು ತಿಳಿಯುತ್ತದೆ. ದೊಡ್ಡ ಅಂಗಡಿಗಳಲ್ಲಿ ಹುಡುಕಬೇಡಿ, ಮಾಡುವವರ ಓಣಿಯನ್ನೇ ಕೇಳಿಕೊಂಡು ಹೋಗಿ. ನೀರು ತಾಗಿದರೆ ಬಣ್ಣ ಏಳುತ್ತದೆ, ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ ಜೊತೆಗಿರಲಿ.

ಸಮಯ ಉಳಿದರೆ ಮಾರ್ಕಂಡೇಯದ ಮೇಲಿನ ಗೊಡಚಿನಮಲ್ಕಿ ಜಲಪಾತ ಸುಮಾರು 15 ಕಿಲೋಮೀಟರ್; ಕೊನೆಯ ದಾರಿ ಕಾಡಿನದು, ಕತ್ತಲಾಗುವ ಮೊದಲು ಹೊರಬರಬೇಕು. ಚಳಿಗಾಲದಲ್ಲಿ ಬರುವವರು ನೀರಿಲ್ಲದ ಫಾಲ್ಸ್ ನೋಡಿ ಬೇಸರಪಡುವ ಬದಲು ಧೂಪದಾಳಕ್ಕೆ ಹೋಗಲಿ. ಒಡ್ಡಿನ ಹಿನ್ನೀರೇ ಘಟಪ್ರಭಾ ಪಕ್ಷಿಧಾಮ, ನವೆಂಬರಿನಿಂದ ಮಾರ್ಚ್‌ವರೆಗೆ ವಲಸೆಯ ಕೊಕ್ಕರೆ, ಕ್ರೌಂಚಗಳು ಬರುತ್ತವೆ. ಘಟಪ್ರಭಾ ನಿಲ್ದಾಣಕ್ಕೆ ಅದು ಹತ್ತಿರ, ಸಂಜೆಯ ಗಾಡಿ ಹಿಡಿಯುವವರಿಗೆ ಹಾದಿಯಲ್ಲೇ ಸಿಗುತ್ತದೆ.